ಫೈಲಿಗೆ ನಲವತ್ತೈದು ನಿಮಿಷ

ಲಂಡನ್ನಿನ ದೊಡ್ಡ ಲಾ ಫರ್ಮುಗಳಲ್ಲಿ ಟ್ರೈನಿಂಗ್ ಕಾಂಟ್ರಾಕ್ಟ್ ಬೇಕೆನ್ನುವವರಿಗೆ 2006ರಲ್ಲಿ ಜುಲೈ 31 ದೊಡ್ಡ ಗಡುವು. ಹೆಚ್ಚಿನ ಫರ್ಮುಗಳು ಅರ್ಜಿಗೆ ಅದೇ ಕೊನೆಯ ದಿನ ಇಟ್ಟಿರುತ್ತಿದ್ದವು. ಅಂದು ಅರ್ಜಿ ಹಾಕಿ ಗೆದ್ದವರು ಕೆಲಸಕ್ಕೆ ಸೇರುತ್ತಿದ್ದುದು ಎರಡು ವರ್ಷ ಕಳೆದ ಮೇಲೆ. ಸೇರಿದ ನಂತರ ಎರಡು ವರ್ಷದ ತರಬೇತಿ, ಆರಾರು ತಿಂಗಳಿಗೆ ಒಂದರಂತೆ ನಾಲ್ಕು ವಿಭಾಗ, ಅದು ಮುಗಿದರೆ ಸಾಲಿಸಿಟರ್.

ಅದಕ್ಕೆ ಮುಂಚೆ ನಾನು ಬೆಂಗಳೂರಿನಲ್ಲಿ ಜೂನಿಯರ್ ಆಗಿದ್ದೆ. ಅಲ್ಲಿ ಸೀನಿಯರ್ ಒಬ್ಬರ ಆಫೀಸು ಸೇರಲು ಪರೀಕ್ಷೆ ಇರಲಿಲ್ಲ. ನಮ್ಮ ಸೋದರಮಾವ ಒಂದು ಮಾತು ಹೇಳಿದ್ದರು. ಸೀನಿಯರ್ "ಯಾವೂರಮ್ಮಾ, ಯಾರ ಮನೆ ಕಡೆ?" ಎಂದು ಕೇಳಿ, ನಾಳೆ ಹತ್ತೂವರೆಗೆ ಸಿಟಿ ಸಿವಿಲ್ ಕೋರ್ಟಿಗೆ ಬಾ ಎಂದರು. ಮಾತು ಹೇಳಲು ಮಾವ ಇಲ್ಲದವರಿಗೆ ಆ ಮೆಟ್ಟಿಲು ಹತ್ತುವುದು ಕಷ್ಟವಿತ್ತು. ಸೀನಿಯರ್ ಮಾತ್ರ ಕೆಲಸ ಕಲಿಸುವುದರಲ್ಲಿ ಕೈ ಬಿಗಿ ಹಿಡಿದವರಲ್ಲ. ವಾದಪತ್ರ ಆಮೇಲೆ ಓದು, ಮೊದಲು ಅದಕ್ಕೆ ಲಗತ್ತಿಸಿದ ದಾಖಲೆ ಓದು ಎನ್ನುತ್ತಿದ್ದರು. ವಾದಪತ್ರದಲ್ಲಿ ಕಕ್ಷಿದಾರ ಹೇಳಬೇಕೆಂದುಕೊಂಡದ್ದು ಇರುತ್ತದೆ. ಕ್ರಯಪತ್ರದಲ್ಲಿ, ಪಹಣಿಯಲ್ಲಿ, ಹಳೆಯ ಪತ್ರದ ಅಂಚಿನಲ್ಲಿ ನಡೆದದ್ದು ಇರುತ್ತದೆ ಎಂಬುದು ಅವರ ನಂಬಿಕೆ.

ಲಂಡನ್ನಿನಲ್ಲಿ ಎಲ್‌ಎಲ್‌ಎಂ ಮಾಡುತ್ತಿದ್ದಾಗ ತಿಳಿದದ್ದು, ಅಲ್ಲಿನ ಲೆಕ್ಕದಲ್ಲಿ ನನ್ನ ಬೆಂಗಳೂರಿನ ಎಲ್‌ಎಲ್‌ಬಿ ಸಾಲುವುದಿಲ್ಲವೆಂದು. ಬೇರೆ ವಿಷಯದ ಪದವೀಧರರಿಗೆ ಇದ್ದ ಒಂದು ವರ್ಷದ ಕೋರ್ಸು, ಆಮೇಲೆ ಇನ್ನೊಂದು ವರ್ಷ ಎಲ್‌ಪಿಸಿ ಎಂಬ ವೃತ್ತಿ ಕೋರ್ಸು. ಫರ್ಮು ಒಪ್ಪಿಕೊಂಡರೆ ಈ ಖರ್ಚು ಅದೇ ಕಟ್ಟುತ್ತಿತ್ತು. ಒಪ್ಪಿಕೊಳ್ಳದಿದ್ದರೆ ನನ್ನಂಥವಳಿಗೆ ಆ ದಾರಿ ಅಲ್ಲಿಗೇ ನಿಲ್ಲುತ್ತಿತ್ತು.

ಹಣಕ್ಕಿಂತ ದೊಡ್ಡ ಕೊರತೆ ಮಾಹಿತಿಯದು. ಅಸೆಸ್‌ಮೆಂಟ್ ಸೆಂಟರ್ ಎಂಬ ದಿನದಲ್ಲಿ ಏನೇನು ನಡೆಯುತ್ತದೆ ಎಂದು ಹೇಳುವವರು ಬೇಕಿತ್ತು. ಆ ವೇಳೆಗೆ ಲಂಡನ್ನಿನ ಕೆಲವು ಫರ್ಮುಗಳು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನಿಂದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಶುರುಮಾಡಿದ್ದವು. ಅಲ್ಲಿ ಒಬ್ಬರು ಆಯ್ಕೆಯಾದರೆ ಏನು ಕೇಳಿದರು, ಯಾವ ಉತ್ತರಕ್ಕೆ ತಲೆಯಾಡಿಸಿದರು ಎನ್ನುವುದು ಮುಂದಿನ ವರ್ಷದವರಿಗೆ ತಲುಪುತ್ತಿತ್ತು. ಅವರ ಜಾಣತನವನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಸಂಜೆ ಕಾಲೇಜಿನಲ್ಲಿ ಓದಿದವಳಿಗೆ ಅಂಥ ಸರಪಳಿ ಇರಲಿಲ್ಲ. ವಿಶ್ವವಿದ್ಯಾಲಯದ ಕೆರಿಯರ್ಸ್ ಆಫೀಸಿನಲ್ಲಿ ಪುಕ್ಕಟೆ ಸಿಗುತ್ತಿದ್ದ ದಪ್ಪ ಕೈಪಿಡಿಗಳು, ಫರ್ಮುಗಳ ವೆಬ್‌ಸೈಟು, ಲಂಡನ್ ವಾಲ್ ಹತ್ತಿರದ ಸಿಟಿ ಬಿಸಿನೆಸ್ ಲೈಬ್ರರಿ, ಇಷ್ಟೇ. ಆ ಲೈಬ್ರರಿಯಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಕೂತು ಫೈನಾನ್ಶಿಯಲ್ ಟೈಮ್ಸ್ ಓದಬಹುದಿತ್ತು. ಅದು ನನಗೆ ಮಾಡಿದ ಉಪಕಾರ ದೊಡ್ಡದು.

ವ್ಯವಹಾರ ಜ್ಞಾನ ಬೇಕು ಎಂದು ಕೈಪಿಡಿಗಳೆಲ್ಲ ಹೇಳುತ್ತಿದ್ದವು, ಅದನ್ನು ಗಳಿಸುವುದು ಹೇಗೆಂದು ಹೇಳುತ್ತಿರಲಿಲ್ಲ. ನಾನು ಒಂದೇ ವ್ಯವಹಾರ ಹಿಡಿದು ಕೂತೆ. 2006ರ ಜನವರಿಯಲ್ಲಿ ಲಕ್ಷ್ಮಿ ಮಿತ್ತಲ್ ಅವರ ಮಿತ್ತಲ್ ಸ್ಟೀಲ್, ಲಕ್ಸೆಂಬರ್ಗಿನ ಆರ್ಸೆಲರ್ ಕಂಪನಿಯನ್ನು ಕೊಳ್ಳುವುದಾಗಿ ಸಾರಿತು. ಆರ್ಸೆಲರ್ ಒಪ್ಪಲಿಲ್ಲ. ಕೆನಡಾದ ಡೊಫಾಸ್ಕೊ ಎಂಬ ತನ್ನ ಉಕ್ಕಿನ ಕಂಪನಿಯನ್ನು ಮಿತ್ತಲ್ ಮಾರದಂತೆ ಡಚ್ ಪ್ರತಿಷ್ಠಾನವೊಂದರ ವಶಕ್ಕೆ ಕೊಟ್ಟಿತು. ಮೇ ತಿಂಗಳಲ್ಲಿ ರಷ್ಯಾದ ಸೆವೆರ್‌ಸ್ಟಾಲ್ ಜೊತೆ ವಿಲೀನವಾಗುವುದಾಗಿ ಹೇಳಿತು. ಷೇರುದಾರರು ಅದನ್ನು ಮೆಚ್ಚಲಿಲ್ಲ. ಮಿತ್ತಲ್ ಬೆಲೆ ಏರಿಸಿದರು, ಜೂನ್ ಕೊನೆಯಲ್ಲಿ ಆರ್ಸೆಲರ್ ಮಂಡಳಿ ಒಪ್ಪಿತು. 2,500 ಕೋಟಿ ಯೂರೋಗೂ ಮೀರಿದ ವ್ಯವಹಾರ. ಆರು ತಿಂಗಳು ಇದೊಂದನ್ನೇ ಹಿಂಬಾಲಿಸಿದ್ದರಿಂದ ಆಡಳಿತ ಮಂಡಳಿಗೂ ಷೇರುದಾರರಿಗೂ ಇರುವ ಅಂತರ, ಒಂದು ಸರ್ಕಾರ ವಿದೇಶಿ ಖರೀದಿದಾರನನ್ನು ತಡೆಯಲು ಎಲ್ಲಿಯವರೆಗೆ ಹೋಗುತ್ತದೆ, ಬೆಲೆಯೊಂದೇ ಎಷ್ಟು ತಕರಾರು ಕರಗಿಸುತ್ತದೆ ಎಂಬುದೆಲ್ಲ ಕಣ್ಣಿಗೆ ಕಟ್ಟಿತು. ಇಂದಿಗೂ ಕೇಳಿದವರಿಗೆ ಹೇಳುವುದು ಇದನ್ನೇ: ಹತ್ತು ಸುದ್ದಿಯ ತಲೆಬರಹ ಬಾಯಿಪಾಠ ಮಾಡಬೇಡಿ, ಒಂದು ವ್ಯವಹಾರವನ್ನು ಹುಟ್ಟಿನಿಂದ ಮುಕ್ತಾಯದವರೆಗೆ ಓದಿ.

ಅಸೆಸ್‌ಮೆಂಟ್ ಸೆಂಟರ್ ಇಡೀ ಒಂದು ದಿನ. ಬೆಳಿಗ್ಗೆ ಗುಂಪು ಚಟುವಟಿಕೆ: ಅಭ್ಯರ್ಥಿಗಳನ್ನು ಎರಡು ಪಂಗಡ ಮಾಡಿ ಚೌಕಾಸಿಗೆ ಕೂರಿಸಿದರು, ಗೋಡೆಗೆ ಒತ್ತಿ ಕೂತ ಪರೀಕ್ಷಕರು ಮಾತಾಡದೆ ಬರೆದುಕೊಂಡರು. ಆಮೇಲೆ ಕೇಸ್ ಸ್ಟಡಿ. ಒಂದು ಫೈಲು, ಓದಲು ನಲವತ್ತೈದು ನಿಮಿಷ, ನಂತರ ಇಬ್ಬರು ಪಾರ್ಟ್‌ನರುಗಳ ಎದುರು ಸಂದರ್ಶನ.

ಕಕ್ಷಿದಾರ ಒಂದು ಸಣ್ಣ ಕಾರ್ಖಾನೆ ಕೊಳ್ಳಬೇಕೆಂದಿದ್ದಾನೆ. ಕೊಳ್ಳಬೇಕೆ, ಕೊಳ್ಳುವುದಾದರೆ ಹೇಗೆ ಎನ್ನುವುದು ಪ್ರಶ್ನೆ. ಮೇಲಿನ ಪುಟಗಳಲ್ಲಿ ಲಾಭದ ಅಂಕಿಗಳು. ನಾನು ಅಭ್ಯಾಸಬಲದಿಂದ ಲಗತ್ತುಗಳಿಗೆ ಹೋದೆ. ಕಾರ್ಖಾನೆಯ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಳ್ಳುವ ಗಿರಾಕಿಯೊಬ್ಬನ ಒಪ್ಪಂದದಲ್ಲಿ, ಮಾಲೀಕರು ಬದಲಾದರೆ ಒಪ್ಪಂದ ರದ್ದು ಮಾಡುವ ಹಕ್ಕು ಅವನಿಗಿತ್ತು. ಕೆಲಸದಿಂದ ತೆಗೆದ ಮ್ಯಾನೇಜರನ ದಾವೆಯೊಂದು ಬಾಕಿ ಇತ್ತು. ಕಟ್ಟಡದ ಲೀಸು ಮುಗಿಯಲು ಸ್ವಲ್ಪವೇ ಕಾಲ ಉಳಿದಿತ್ತು.

ಇಲ್ಲಿ ಕಾನೂನಿನ ಜ್ಞಾನ ಬೇಕಿಲ್ಲ ಎಂದು ಫರ್ಮುಗಳು ಹೇಳುತ್ತವೆ. ಅದು ನಿಜ, ಆದರೆ ಒಂದೆರಡು ಭೇದ ತಿಳಿದಿದ್ದರೆ ಮಾತು ಬೇರೆ ಎತ್ತರದಲ್ಲಿ ಶುರುವಾಗುತ್ತದೆ. ಕಂಪನಿಯ ಷೇರು ಕೊಂಡರೆ ಅದರ ಸಾಲ, ದಾವೆ, ತೆರಿಗೆ ಬಾಕಿ ಎಲ್ಲವೂ ಕಂಪನಿಯೊಂದಿಗೇ ಬರುತ್ತದೆ. ಷೇರು ಬಿಟ್ಟು ವ್ಯವಹಾರವನ್ನಷ್ಟೇ ಕೊಂಡರೆ ಬೇಕಾದ್ದನ್ನು ಆರಿಸಿಕೊಳ್ಳಬಹುದು, ಆದರೆ ಒಪ್ಪಂದಗಳನ್ನು ಒಂದೊಂದಾಗಿ ವರ್ಗಾಯಿಸಬೇಕು. ಕೆಲಸಗಾರರು ಟ್ಯೂಪಿ ನಿಯಮದಡಿ ತಮ್ಮ ಹಳೆಯ ಷರತ್ತುಗಳ ಸಮೇತ ಬರುತ್ತಾರೆ. ಆ ನಿಯಮ ಹೊಸ ರೂಪದಲ್ಲಿ ಜಾರಿಯಾದದ್ದು ಅದೇ 2006ರ ಏಪ್ರಿಲ್‌ನಲ್ಲಿ. ತಿಳಿದಿರುವ ಅಪಾಯಕ್ಕೆ, ಅಂದರೆ ಆ ಮ್ಯಾನೇಜರನ ದಾವೆಗೆ, ಮಾರುವವನಿಂದ ನಷ್ಟ ತುಂಬಿಕೊಡುವ ಕರಾರು ಬರೆಸಿಕೊಳ್ಳಬೇಕು. ಗಿರಾಕಿಯ ಒಪ್ಪಂದಕ್ಕೆ ಅಷ್ಟು ಸಾಲದು, ಅವನ ಒಪ್ಪಿಗೆಯನ್ನು ಲಿಖಿತವಾಗಿ ಪಡೆದ ಮೇಲೆಯೇ ಹಣ ಕೊಡುವಂತೆ ಷರತ್ತು ಹಾಕಬೇಕು. ನಾನು ಇದನ್ನು ಹೇಳಿದಾಗ ಪಾರ್ಟ್‌ನರ್ ಒಬ್ಬರು, ಗಿರಾಕಿ ಒಪ್ಪಿಗೆಗೆ ಬದಲಾಗಿ ಬೆಲೆ ಇಳಿಸು ಎಂದರೆ ಏನು ಮಾಡುತ್ತೀ ಎಂದು ಕೇಳಿದರು. ಒಪ್ಪಿದರೆ ಲಾಭದ ಅಂಕಿಯೇ ಬದಲಾಗುತ್ತದೆ, ಆಗ ಕಕ್ಷಿದಾರ ಕೊಡಬೇಕಾದ ಬೆಲೆಯೂ ಬದಲಾಗಬೇಕು ಎಂದೆ. ಅಲ್ಲಿಂದ ಮುಂದಿನ ಮಾತುಕತೆ ನನಗೆ ಪರೀಕ್ಷೆ ಎನಿಸಲೇ ಇಲ್ಲ.

ಅದೇ ದಿನದ ಮಧ್ಯಾಹ್ನದ ಊಟ ಬೇರೆ ಮಾತು. ಟ್ರೈನಿಗಳೊಂದಿಗೆ ಕೂತು ಊಟ, ಇದಕ್ಕೆ ಅಂಕ ಇಲ್ಲ ಎಂದಿದ್ದರು. ಟೇಬಲಿನಲ್ಲಿ ಹರಿದ ಮಾತು ಸ್ಕೀಯಿಂಗ್, ಬೋರ್ಡಿಂಗ್ ಶಾಲೆ, ಯಾರ ಅಣ್ಣ ಯಾವ ಫರ್ಮಿನಲ್ಲಿ ಎನ್ನುವುದು. ಅಂಕ ಇರಲಿಲ್ಲ ಎಂಬುದನ್ನು ನಂಬೋಣ. ಆದರೂ ಯಾರು ಇಲ್ಲಿಗೆ ಸೇರಿದವರು, ಯಾರು ಹೊರಗಿನವರು ಎಂಬ ಅಭಿಪ್ರಾಯ ಅಲ್ಲಿ ಹುಟ್ಟುತ್ತಿತ್ತು. ಬ್ರಿಟನ್ನಿನಲ್ಲೇ ಹುಟ್ಟಿದ ಬಡ ಮಕ್ಕಳಿಗೂ ಅದೇ ಗತಿ. 2015ರಲ್ಲಿ ಸರ್ಕಾರದ ಸಾಮಾಜಿಕ ಚಲನೆ ಆಯೋಗ ಪ್ರಕಟಿಸಿದ ವರದಿ ಅದನ್ನು ಅಂಕಿಯಲ್ಲಿ ಹೇಳಿತು. ದೇಶದ ಮಕ್ಕಳಲ್ಲಿ ಖಾಸಗಿ ಶಾಲೆ ಮತ್ತು ಆಯ್ದು ಸೇರಿಸಿಕೊಳ್ಳುವ ಸರ್ಕಾರಿ ಶಾಲೆಗೆ ಹೋಗುವವರು ಶೇ. 11ರಷ್ಟು, ಅಧ್ಯಯನ ಮಾಡಿದ ದೊಡ್ಡ ಕಾನೂನು, ಲೆಕ್ಕಪತ್ರ ಸಂಸ್ಥೆಗಳಲ್ಲಿ ಹಿಂದಿನ ವರ್ಷ ಕೆಲಸ ಸಿಕ್ಕವರಲ್ಲಿ ಅಂಥ ಶಾಲೆಯವರು ಶೇ. 70ರವರೆಗೆ. ಹೀಗಾಗಿ ಹಳೆಯ ಕಾಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನನಗೆ ಕೆಲಸ ಸಿಕ್ಕಿತು ಎನ್ನುವುದು ಆ ಪದ್ಧತಿ ನ್ಯಾಯವಾಗಿತ್ತು ಎನ್ನಲು ಸಾಕ್ಷಿಯಲ್ಲ.

ನಾನು ಸೇರಿದ್ದು 2008ರ ಸೆಪ್ಟೆಂಬರಿನಲ್ಲಿ. ಅದೇ ತಿಂಗಳ 15ಕ್ಕೆ ಲೆಹ್ಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಮುಂದಿನ ವರ್ಷ ಎಷ್ಟೋ ಫರ್ಮುಗಳು ಹೊಸಬರಿಗೆ ಹಣ ಕೊಟ್ಟು, ತಡವಾಗಿ ಬನ್ನಿ ಎಂದವು.

ಈಗ ವರ್ಷಕ್ಕೆ ಕೆಲವು ದಿನ ನಾನು ಪರೀಕ್ಷಕಳಾಗಿ ಕೂರುತ್ತೇನೆ. ಬದಲಾದದ್ದು ಬಹಳ. ಫರ್ಮುಗಳ ಹೆಸರುಗಳೇ ಬದಲಾಗಿವೆ: ಲವೆಲ್ಸ್ 2010ರಲ್ಲಿ ಹೋಗನ್ ಲವೆಲ್ಸ್ ಆಯಿತು, ಅಲೆನ್ ಅಂಡ್ ಓವರಿ 2024ರಲ್ಲಿ ಅಮೆರಿಕದ ಷಿಯರ್‌ಮನ್ ಜೊತೆ ಸೇರಿತು. "ನಮ್ಮ ಫರ್ಮೇ ಏಕೆ?" ಎಂಬ ಪ್ರಶ್ನೆಗೆ ಈಗ ನ್ಯೂಯಾರ್ಕ್ ಬಿಟ್ಟು ಉತ್ತರ ಹೇಳುವುದು ಕಷ್ಟ. ಸಾಲಿಸಿಟರ್ ಆಗಲು 2021ರಲ್ಲಿ ಎಸ್‌ಕ್ಯೂಇ ಎಂಬ ಹೊಸ ಪರೀಕ್ಷೆ ಬಂದಿದೆ. ಮೊದಲ ಭಾಗದಲ್ಲಿ 360 ಬಹು ಆಯ್ಕೆ ಪ್ರಶ್ನೆ, ಎರಡನೆಯದರಲ್ಲಿ ಕಕ್ಷಿದಾರರ ಸಂದರ್ಶನ, ವಾದ, ಬರವಣಿಗೆ. ಜೊತೆಗೆ ಎರಡು ವರ್ಷದ ಕೆಲಸ, ಅದನ್ನು ನಾಲ್ಕು ಕಡೆಯವರೆಗೆ ಹಂಚಿ ಮಾಡಬಹುದು. ಕ್ಲಿಫರ್ಡ್ ಚಾನ್ಸ್ 2014ರ ಹೊತ್ತಿಗೇ ಕೊನೆಯ ಸಂದರ್ಶನದವರಿಗೆ ಅಭ್ಯರ್ಥಿಯ ಕಾಲೇಜು ತಿಳಿಯದಂತೆ ಮಾಡಿತ್ತು. ಎಂಥ ಶಾಲೆಯಲ್ಲಿ, ಎಂಥ ಮನೆಯಿಂದ ಬಂದು ಆ ಅಂಕ ತೆಗೆದರು ಎಂದು ತೂಗಿ ನೋಡುವ ಪದ್ಧತಿಯೂ ಹಲವು ಕಡೆ ಇದೆ. ಏನನ್ನು ಅಳೆಯುತ್ತೇವೆ ಎಂಬುದನ್ನು ಬರೆದೇ ಪ್ರಕಟಿಸುತ್ತಾರೆ. ಇದೆಲ್ಲ ನಿಜವಾದ ಸುಧಾರಣೆ.

ಆದರೆ ಮನುಷ್ಯರ ಎದುರು ಕೂರುವ ಮೊದಲು ದಾಟಬೇಕಾದ ಬಾಗಿಲು ಹೆಚ್ಚಾಗಿವೆ. ಹುಬ್ಬಳ್ಳಿಯಲ್ಲಿ ಕಾನೂನು ಓದಿ ಇಂಗ್ಲೆಂಡಿನಲ್ಲಿ ಸ್ನಾತಕೋತ್ತರ ಮಾಡುತ್ತಿರುವ ಹುಡುಗಿಯೊಬ್ಬಳಿಗೆ ನಾನು ಕಳೆದ ಚಳಿಗಾಲ ತಯಾರಿಗೆ ನೆರವಾದೆ. ಅವಳಿಗೆ ಮೊದಲ ತೊಡಕು ವಾಟ್ಸನ್ ಗ್ಲೇಸರ್ ಎಂಬ ತರ್ಕದ ಪರೀಕ್ಷೆ. ಐದು ಬಗೆಯ ಪ್ರಶ್ನೆ, ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ನಲವತ್ತು. ಕಾರ್ಖಾನೆಯೊಂದು ರಾತ್ರಿ ಪಾಳಿ ನಿಲ್ಲಿಸಿತು, ಮರುವರ್ಷ ಅಪಘಾತ ಕಡಿಮೆಯಾದವು ಎಂದು ಕೊಟ್ಟರೆ, ಪಾಳಿ ನಿಲ್ಲಿಸಿದ್ದೇ ಕಾರಣ ಎಂಬುದು ನಿಜವೋ, ಬಹುಶಃ ನಿಜವೋ, ಮಾಹಿತಿ ಸಾಲದೋ? ಒಂದು ವಿಭಾಗದಲ್ಲಿ ಎಲ್ಲರಿಗೂ ತಿಳಿದ ಸಂಗತಿಯನ್ನು ಬಳಸಬಹುದು, ಇನ್ನೊಂದರಲ್ಲಿ ಕೊಟ್ಟ ವಾಕ್ಯ ಲೋಕಕ್ಕೆ ವಿರುದ್ಧವಾಗಿದ್ದರೂ ಅದನ್ನೇ ಸತ್ಯವೆಂದು ಹಿಡಿಯಬೇಕು. ವಿಭಾಗದ ನಿಯಮವನ್ನು ಪ್ರತಿ ಸಲ ಓದುವುದೇ ಇದರ ಅಭ್ಯಾಸ. ಅವಳು ಅದನ್ನು ಬೇಗ ಹಿಡಿದಳು.

ವಿಡಿಯೊ ಸಂದರ್ಶನ ಅವಳನ್ನು ಹೆಚ್ಚು ಕಾಡಿತು. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಕೆಲವು ಸೆಕೆಂಡು, ಆಮೇಲೆ ಉತ್ತರ ರೆಕಾರ್ಡ್. ಎದುರಿಗೆ ಯಾರೂ ಇಲ್ಲ. "ಮೇಡಂರೀ, ಗ್ವಾಡಿ ಮುಂದ ನಿಂತು ಮಾತಾಡಿದಂಗ ಆಗ್ತೈತ್ರಿ" ಎಂದಳು. ತನ್ನ ಬಗ್ಗೆ ಹೇಳುವಾಗಲೆಲ್ಲ ಅವಳು ನಾವು ಮಾಡಿದ್ವಿ ಎನ್ನುತ್ತಿದ್ದಳು. ಕಾನೂನು ನೆರವು ಶಿಬಿರವೊಂದನ್ನು ಅವಳೇ ನಿಂತು ನಡೆಸಿದ್ದಳು, ಪಿಂಚಣಿ ನಿಂತುಹೋದ ವೃದ್ಧೆಯರ ಅರ್ಜಿಗಳನ್ನು ತಾಲ್ಲೂಕು ಕಚೇರಿಗೆ ತಾನೇ ಒಯ್ದಿದ್ದಳು. ಅದನ್ನು ತನ್ನ ಕೆಲಸವೆಂದು ಹೇಳಲು ಅವಳಿಗೆ ಸಂಕೋಚ. ಮನೆಯಲ್ಲಿ ಕಲಿಸಿದ ಒಳ್ಳೆಯ ಗುಣವದು, ಆದರೆ ಪರೀಕ್ಷಕರ ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಎಷ್ಟು ಅರ್ಜಿ, ಯಾರು ತಡೆದರು, ನೀನು ಯಾರಲ್ಲಿ ಹೋದೆ ಎಂದು ಪಾಟಿ ಸವಾಲಿನ ಹಾಗೆಯೇ ಕೇಳಿ ಕೇಳಿ ಹೇಳಿಸಿದೆ.

ಇನ್ನೊಂದು ಬದಲಾವಣೆ ನನಗೆ ನಿಜಕ್ಕೂ ಚಿಂತೆ ತಂದಿದೆ. ಮಾಹಿತಿ ಎಲ್ಲರಿಗೂ ಸಿಕ್ಕಿದೆ, ಅದು ಒಳ್ಳೆಯದು. ಅದರ ಜೊತೆಗೆ ಉತ್ತರಗಳೂ ಒಂದೇ ಅಚ್ಚಿನಲ್ಲಿ ಬರತೊಡಗಿವೆ. ಅರ್ಜಿಗಳನ್ನು ಎಐ ಬರೆದುಕೊಡುತ್ತದೆ, ಅಭ್ಯಾಸದ ಸಂದರ್ಶನವನ್ನೂ ಅದೇ ಮಾಡಿಸುತ್ತದೆ. ಒಂದು ಬೆಳಿಗ್ಗೆ ಕೂತರೆ ಬಡ್ಡಿ ದರದ ಕುರಿತ ಅದೇ ಮೂರು ವಾಕ್ಯವನ್ನು ಬೇರೆ ಬೇರೆ ಬಾಯಲ್ಲಿ ಕೇಳುತ್ತೇನೆ. ಅವರಲ್ಲಿ ಯಾರು ಯೋಚಿಸಬಲ್ಲರು ಎಂದು ತಿಳಿಯುವುದು ಎರಡನೆಯ ಪ್ರಶ್ನೆಯಲ್ಲಿ, ಮೂರನೆಯದರಲ್ಲಿ: ಹಾಗಿದ್ದರೆ ಈ ಕಕ್ಷಿದಾರ ಏನು ಮಾಡಬೇಕು, ಅವನು ಒಪ್ಪದಿದ್ದರೆ? ಹುಬ್ಬಳ್ಳಿಯ ಹುಡುಗಿಗೆ ನಾನು ಅಭ್ಯಾಸಕ್ಕೆ ಕೊಟ್ಟದ್ದು ಫೈಲು ಮಾತ್ರ, ಮಾದರಿ ಉತ್ತರ ಕೊಡಲಿಲ್ಲ. ಒಮ್ಮೆ ಅವಳು ವ್ಯವಹಾರ ಬಿಟ್ಟುಬಿಡಿ ಎಂದು ಸಲಹೆ ಕೊಟ್ಟಳು. ನಾನು ಎದುರು ವಾದಿಸಿದೆ. ಅವಳು ಲೀಸಿನ ಪುಟ ತಿರುವಿ, ನೀವು ಹೇಳುವುದು ಬೆಲೆಯ ಮಟ್ಟಿಗೆ ಸರಿ, ಕಟ್ಟಡ ಕೈತಪ್ಪಿದರೆ ಬೆಲೆ ಕಟ್ಟಿಕೊಂಡು ಏನು ಮಾಡುವುದು ಎಂದಳು. ಯಾವ ಪಾರ್ಟ್‌ನರ್ ಎದುರು ಕೂತರೂ ಆ ಉತ್ತರ ನಿಲ್ಲುತ್ತದೆ.

ಕೂರಬೇಕಷ್ಟೆ. ಒಂದು ಫರ್ಮಿನಲ್ಲಿ ಅವಳು ವಿಡಿಯೊ ಹಂತದಲ್ಲೇ ನಿಂತಳು, ಕಾರಣ ತಿಳಿಸದ ಇಮೇಲ್ ಬಂತು. ಇನ್ನೊಂದರಲ್ಲಿ ಅಸೆಸ್‌ಮೆಂಟ್ ಸೆಂಟರ್ ತಲುಪಿದ್ದಾಳೆ. ಕೊನೆಯ ಹಂತದಲ್ಲಿ ಸೋತವರಿಗೆ ನಮ್ಮಲ್ಲಿ ಫೋನ್ ಮಾಡಿ ಎಲ್ಲಿ ಎಡವಿದರೆಂದು ಹೇಳುತ್ತೇವೆ. ಅದಕ್ಕಿಂತ ಮುಂಚೆ ಉಳಿದುಹೋದವರಿಗೆ ಏನೂ ಹೇಳುವುದಿಲ್ಲ. ಅವರಿಗೂ ಕನಿಷ್ಠ ವಿಭಾಗವಾರು ಅಂಕ ಕೊಡಬೇಕು, ವಿಡಿಯೊದಲ್ಲಿ ಗಡಿಯ ಹತ್ತಿರ ಬಂದವರನ್ನು ಒಬ್ಬ ವಕೀಲರಾದರೂ ಹತ್ತು ನಿಮಿಷ ಮಾತಾಡಿಸಬೇಕು ಎಂದು ನೇಮಕಾತಿ ಸಮಿತಿಗೆ ಬರೆದಿದ್ದೇನೆ. ಅಷ್ಟು ಜನರಿಗೆ ಪಾರ್ಟ್‌ನರುಗಳ ಸಮಯ ಎಲ್ಲಿಂದ ತರುವುದು ಎಂಬ ಪ್ರಶ್ನೆ ಬಂದಿದೆ. ನನ್ನ ಪಾಲಿನ ದಿನಗಳನ್ನು ಕೊಡುತ್ತೇನೆಂದು ಉತ್ತರಿಸಿದ್ದೇನೆ. ಇನ್ನಿಬ್ಬರು ಸಹೋದ್ಯೋಗಿಗಳೂ ಒಪ್ಪಿದ್ದಾರೆ. ಸಮಿತಿ ಸೇರುವುದು ಮುಂದಿನ ತಿಂಗಳು.