ಕರಡೆ ನಿಂತ ಹೊತ್ತು

ಬೀರೂರು ಜಂಕ್ಷನ್ನಿನಲ್ಲಿ ಗಾಡಿಗೆ ಕಾಯುವುದು ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಬೆಂಗಳೂರಿನಿಂದ ಹೊರಟ ಹಳಿ ಕಡೂರನ್ನು ದಾಟಿ ಇಲ್ಲಿಗೆ ಬಂದು ಎರಡು ಕವಲಾಗುತ್ತದೆ. ಒಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗೆಯ ಕಡೆಗೆ. ಆದ್ದರಿಂದ ಈ ಮೂರು ಊರುಗಳ ನಂಟರು ಯಾವ ಮದುವೆಯಲ್ಲಿ ಕಲೆತರೂ ಕೊನೆಗೆ ಒಬ್ಬರನ್ನೊಬ್ಬರು ಬೀಳ್ಕೊಡುವುದು ಈ ಪ್ಲಾಟ್‌ಫಾರಂ ಮೇಲೆಯೇ. ಮದುವೆಮನೆಯಲ್ಲಿ ಆಡದೆ ಉಳಿದ ಮಾತೆಲ್ಲ ಇಲ್ಲಿ ಹೊರಬೀಳುತ್ತದೆ. ಗಾಡಿ ಸ್ವಲ್ಪ ತಡವಾದರೆ ಯಾರೂ ಅಷ್ಟಾಗಿ ಬೇಸರಪಟ್ಟುಕೊಳ್ಳುವುದಿಲ್ಲ.

ಮೊನ್ನೆಯ ಕಾರ್ತಿಕದಲ್ಲಿ ನಾವು ನಾಲ್ಕು ಮಂದಿ ಹೀಗೆ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ನಾನು ಬೆಂಗಳೂರಿಗೆ ಹೋಗಬೇಕಾದವನು. ತರೀಕೆರೆಯ ಅಡಿಕೆ ಮಂಡಿಯಲ್ಲಿ ಬಹುಕಾಲ ಲೆಕ್ಕ ಬರೆದವರೊಬ್ಬರು. ಅವರನ್ನು ಮಂಡಿಯವರು ಎಂದೇ ಕರೆಯೋಣ. ಅಜ್ಜಂಪುರದ ಈರುಳ್ಳಿ ಸಾಹುಕಾರರೊಬ್ಬರು. ನಾಲ್ಕನೆಯವರು ಕಡೂರಿನ ಮೇಷ್ಟರು. ಇವರಿಗೆ ರೈಲೇ ಬೇಕಿರಲಿಲ್ಲ. ಕಡೂರು ಬಸ್ಸಿನಲ್ಲಿ ಕಾಲು ಗಂಟೆಯ ದಾರಿ. ಆದರೂ ಮಾತನ್ನು ಅರ್ಧಕ್ಕೆ ಬಿಟ್ಟು ಹೋಗಲಾರದೆ ಕೂತಿದ್ದರು. ನಮ್ಮ ನಮ್ಮಲ್ಲಿ ನಂಟಸ್ತನವೇನೋ ಇದೆ, ಆದರೆ ಅದನ್ನು ಬಿಡಿಸಿ ಹೇಳಲು ಮುದುಕಿಯರೇ ಬೇಕು. ಮದುವೆಗಳಲ್ಲಿ ಮುಖ ನೋಡಿ ನಕ್ಕವರು, ಅಷ್ಟೆ.

ಮಾತು ಎದ್ದದ್ದು ಹಿಂದಿನ ದಿನದ ಗುಗ್ಗಳದಿಂದ. ವರನ ಮನೆಯವರು ವೀರಭದ್ರನ ಒಕ್ಕಲು. ಗುಗ್ಗಳದ ಮುಂದೆ ಕುಣಿಯಲು ವೀರಗಾಸೆಯ ಮೇಳವನ್ನು ಕರೆಸಿದ್ದರು. ಮೇಳದಲ್ಲಿ ಆರು ಜನ. ಅವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಗಂಡಸರು ಕುಣಿಯುವುದನ್ನೇ ನೋಡಿ ಬೆಳೆದ ನಮಗೆ ಮೊದಲು ಇದು ಕಣ್ಣಿಗೆ ಹೊಸದಾಗಿ ಕಂಡಿತು. ಎರಡು ಸುತ್ತು ಮುಗಿಯುವುದರೊಳಗೆ ಆ ಹೊಸತನ ಮರೆತುಹೋಯಿತು. ಹಣೆಯ ತುಂಬ ವಿಭೂತಿ, ತಲೆಗೆ ಬಿಳಿಯ ಚೌರಿಯ ಜಟೆ, ಕೊರಳಲ್ಲಿ ರುದ್ರಾಕ್ಷಿ, ಕಾವಿಯ ಉಡುಗೆ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಕತ್ತಿ. ಅಷ್ಟನ್ನೂ ತೊಟ್ಟು ಒಡಪು ಹೇಳುತ್ತ ಮುಂದೆ ನುಗ್ಗಿದಾಗ, ಹೆಣ್ಣೋ ಗಂಡೋ ಎಂದು ಕೇಳುವಷ್ಟು ಬಿಡುವು ಯಾರಿಗಿರುತ್ತದೆ? ಎದುರಿಗೆ ನಿಂತವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಅದೇ ಅದರ ಪರೀಕ್ಷೆ.

ಅಭಿಮಾನಿಗಳು ಎಂಬ ಮಾತನ್ನು ಈಗ ಸಿನಿಮಾದವರು ತಮ್ಮದು ಮಾಡಿಕೊಂಡಿದ್ದಾರೆ. ನಮ್ಮ ಬೆಂಚಿನ ಮೇಲಿದ್ದವರೂ ಅಭಿಮಾನಿಗಳೇ. ಆದರೆ ಒಬ್ಬೊಬ್ಬರ ಅಭಿಮಾನ ಒಂದೊಂದು ಕಡೆ. ಮೇಷ್ಟರಿಗೆ ಒಡಪು ಮುಖ್ಯ. ದಕ್ಷನ ಯಜ್ಞದ ಕಥೆ ಯಾರಿಗೆ ಗೊತ್ತಿಲ್ಲ? ಕರೆಯದೆ ಹೋದ ಮಗಳು, ಅವಮಾನ, ಬೆಂಕಿ. ಶಿವನು ಜಟೆಯನ್ನು ಅಪ್ಪಳಿಸಿದಾಗ ಎದ್ದ ವೀರಭದ್ರ. ಕೊನೆಗೆ ದಕ್ಷನಿಗೆ ಕುರಿಯ ತಲೆ. ಗೊತ್ತಿರುವ ಈ ಕಥೆಯನ್ನೇ ಹೇಳುವವನು ಎಲ್ಲಿ ಉಸಿರು ನಿಲ್ಲಿಸುತ್ತಾನೆ ಎಂಬುದನ್ನು ಮೇಷ್ಟರು ಕಾಯುತ್ತಾರೆ. ಮಂಡಿಯವರಿಗೆ ಮಾತು ಬೇಡ, ಹೆಜ್ಜೆ ಬೇಕು. ಆರು ಜನರ ಗೆಜ್ಜೆ ಒಂದೇ ಗೆಜ್ಜೆಯಂತೆ ಕೇಳಬೇಕು. ಒಂದು ಕಾಲು ಹಿಂದೆ ಬಿದ್ದರೂ ಅವರ ಮುಖ ಅಡಿಕೆಯ ಧಾರಣೆ ಬಿದ್ದಂತಾಗುತ್ತದೆ. ಸಾಹುಕಾರರಿಗೆ ಕರಡೆಯೊಂದೇ ಸಾಕು. ಸಮಾಳ, ತಾಳ ಎಲ್ಲ ಇರಲಿ. ಕರಡೆಯ ಪೆಟ್ಟು ಎದೆಗೂಡಿಗೆ ಬಂದು ತಾಗದಿದ್ದರೆ ಅದು ವೀರಗಾಸೆಯೇ ಅಲ್ಲವಂತೆ.

"ನಾನು ಚಿಕ್ಕವನಿದ್ದಾಗ ಅಮೃತಾಪುರದ ಹತ್ತಿರ ಒಂದು ಮದುವೇಲಿ ನೋಡಿದ್ದು," ಎಂದರು ಮಂಡಿಯವರು. "ಕತ್ತಿ ಹಿಡಿದವನು ನನ್ನ ಕಡೆಗೇ ಬಂದ. ನಮ್ಮವ್ವನ ಸೆರಗಿನೊಳಗೆ ಹೊಕ್ಕವನು ಊಟಕ್ಕೆ ಕರೆದರೂ ಈಚೆಗೆ ಬರಲಿಲ್ಲ. ಆಮೇಲೆ ಅದೇ ಮನುಷ್ಯ ಪಂಕ್ತಿಯಲ್ಲಿ ನನ್ನ ಪಕ್ಕ ಕೂತು, ತಮ್ಮಾ ಹೋಳಿಗೆಗೆ ತುಪ್ಪ ಹಾಕಿಸ್ಕೋ ಅಂದ ನೋಡಿ! ಆ ವೀರಭದ್ರ ಎಲ್ಲಿಗೆ ಹೋದ ಅಂತ ನನಗೆ ಈಗಲೂ ಬಗೆಹರಿದಿಲ್ಲ."

1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಆರಂಭವಾದ ಮೇಲೆ ತರೀಕೆರೆಯ ಮನೆಮನೆಗೂ ಜನಪದ ಹಾಡು ಬಂತೆಂದೂ, ಆದರೆ ರೇಡಿಯೋದಲ್ಲಿ ಹೆಜ್ಜೆ ಕಾಣುವುದಿಲ್ಲವಲ್ಲ ಎಂದೂ ಅವರೇ ಸೇರಿಸಿದರು. ಮೈಸೂರು ದಸರಾ ಮೆರವಣಿಗೆಯ ಪ್ರಸ್ತಾಪವೂ ಬಂತು. ಅಲ್ಲಿ ನಮ್ಮ ಜಿಲ್ಲೆಯ ವೀರಗಾಸೆ ಹೋಗುವುದು ಹೆಮ್ಮೆಯೇನೋ ಸರಿ. ಆದರೆ ಅಲ್ಲಿ ವೀರಭದ್ರ ನಡೆದುಹೋಗುತ್ತಾನೆ, ಇಲ್ಲಿ ನಿಲ್ಲುತ್ತಾನೆ ಎಂದು ಮೇಷ್ಟರು ತೀರ್ಪುಕೊಟ್ಟರು. ಇದನ್ನು ನಾನೂ ಒಪ್ಪುತ್ತೇನೆ.

ಮೇಷ್ಟರಿಗೆ ಇನ್ನೊಂದು ಸಮಾಧಾನವಿತ್ತು. ಹಾಡು ಒಡಪುಗಳನ್ನು ಬಲ್ಲವರು ಬರೆದಿಟ್ಟಿದ್ದಾರೆ, ಅವು ಎಲ್ಲಿಗೂ ಹೋಗುವುದಿಲ್ಲ ಎಂದರು. ನಮ್ಮ ಜಿಲ್ಲೆಯ ಗೊಂಡೇದಹಳ್ಳಿಯಲ್ಲಿ 1930ರಲ್ಲಿ ಹುಟ್ಟಿ, ಜನಪದಕ್ಕಾಗಿ ದುಡಿದು, 2024ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಗೊ. ರು. ಚನ್ನಬಸಪ್ಪನವರ ಹೆಸರು ಹೇಳಿ, "ನಮ್ಮ ಕಡೆಯವರು!" ಎಂದು ಬೆಂಚನ್ನು ತಟ್ಟಿದರು.

ಸಾಹುಕಾರರು ಮಾತ್ರ ಏನೂ ಹೇಳಲಿಲ್ಲ. ಬಹಳ ಹೊತ್ತಿನ ಮೇಲೆ, "ನಿನ್ನೆ ಆ ಕರಡೆ ಮುಟ್ಟಿ ನೋಡಿದೆ," ಎಂದರು. "ಚರ್ಮ ಅಲ್ಲ. ಅದೆಂಥದೋ ಪ್ಲಾಸ್ಟಿಕ್ಕು. ಇಬ್ಬನಿ ಬಿದ್ದರೂ ಅಳೋದಿಲ್ಲವಂತೆ. ಕಾಯಿಸೋ ರಗಳೆಯಿಲ್ಲ ಬಿಡಿ, ಒಳ್ಳೇದೇ ಆಯ್ತು."

ಆ ಅಳುವ ಮಾತು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಓದುಗರಿಗೆ ಇಲ್ಲಿ ನನ್ನ ಸಮಾಚಾರ ಸ್ವಲ್ಪ ಹೇಳಬೇಕು.

ನಮ್ಮ ಹಳ್ಳಿ ಬೀರೂರಿಗೆ ಒಂದು ಮೈಲಿ. ಕಾರ್ತಿಕದಲ್ಲಿ ವೀರಭದ್ರಸ್ವಾಮಿಯ ಕೆಂಡ. ಹಿಂದಿನ ರಾತ್ರಿ ವೀರಗಾಸೆ. ಒಡಪು ಹೇಳುತ್ತಿದ್ದವರು ಒಬ್ಬ ವಯಸ್ಸಾದ ಅಯ್ಯನವರು. ಹಗಲು ಕಂಡರೆ ಬಡಕಲು ಶರೀರದ, ಮೆಲ್ಲಗೆ ಮಾತನಾಡುವ ಮನುಷ್ಯ. ಕಾರ್ತಿಕದ ರಾತ್ರಿಯಲ್ಲಿ ಇಬ್ಬನಿ ಇಳಿದು ಕರಡೆಯ ಚರ್ಮ ಸಡಿಲವಾಗುತ್ತಿತ್ತು. ಆಗ ಒಂದೆರಡು ಪದ ಹಾಡಿನಲ್ಲಿ ಕಳೆಯುತ್ತ, ಅಷ್ಟರಲ್ಲಿ ಅದನ್ನು ಬೆಂಕಿಯ ಹತ್ತಿರ ಹಿಡಿದು ಬಿಸಿಮಾಡಿ ಬಿಗಿಗೊಳಿಸಬೇಕು. ಬೆಂಕಿ ಹತ್ತಿರವಾದರೆ ಚರ್ಮ ಸಿಡಿದೀತು, ದೂರವಾದರೆ ಬಿಗಿಯದು. ರಾಗಿ ಹುಲ್ಲನ್ನು ಸಿವುಡು ಸಿವುಡಾಗಿ ಹಾಕುತ್ತ ಆ ಬೆಂಕಿಯನ್ನು ಆರದಂತೆ ನೋಡಿಕೊಳ್ಳುವವನು ನಾನು. ಹತ್ತು ವರ್ಷದವನಿದ್ದಾಗ ತಾನಾಗಿ ಬಂದ ಕೆಲಸ, ಹತ್ತೊಂಬತ್ತಾದರೂ ಬಿಟ್ಟಿರಲಿಲ್ಲ. "ಲೇ ತಮ್ಮಾ, ಚರ್ಮ ಅಳ್ತಾ ಇದೆ, ನೋಡ್ಕೋ" ಎಂದು ಅಯ್ಯನವರು ಕುಣಿತದ ನಡುವೆಯೇ ನನ್ನ ಕಡೆ ಹೇಳಿಹೋಗುತ್ತಿದ್ದರು. ಊರಿನಲ್ಲಿ ಮತ್ತಾವ ದೊಡ್ಡಸ್ತಿಕೆಯೂ ಇಲ್ಲದ ನನಗೆ ಅದೊಂದು ಪದವಿಯಾಗಿತ್ತು.

1971ರ ಕಾರ್ತಿಕ. ಮರುದಿನ ಬೆಂಗಳೂರಿನಲ್ಲಿ ಗುಮಾಸ್ತೆಯ ಕೆಲಸಕ್ಕೆ ಸಂದರ್ಶನ. ನಡುರಾತ್ರಿ ದಾಟಿದ ಮೇಲಿನ ಗಾಡಿಗೆ ಹೋಗಬೇಕು. ದಾಕ್ಷಾಯಿಣಿ ತವರಿಗೆ ಹೊರಡುವ ತನಕ ಇದ್ದೆ. ಗಾಡಿ ತಪ್ಪೀತೆಂಬ ಭಯ ಹೊಟ್ಟೆಯಲ್ಲಿ ಹೊಕ್ಕಿತು. ಬೆಂಕಿಯ ಹತ್ತಿರ ಕುಳಿತಿದ್ದ ಯಾವನೋ ಸಣ್ಣ ಹುಡುಗನ ಕೈಗೆ ಹುಲ್ಲಿನ ಸಿವುಡು ಕೊಟ್ಟು, "ನೋಡ್ಕೊಳ್ಳೋ" ಎಂದು ಎದ್ದುಬಿಟ್ಟೆ. ಅಯ್ಯನವರಿಗೆ ಹೇಳಲಿಲ್ಲ. ಹೇಳಿದ್ದರೆ ಬೇಡವೆನ್ನುತ್ತಿರಲಿಲ್ಲ, ಅದಕ್ಕೇ ಹೇಳಲಾಗಲಿಲ್ಲವೋ ಏನೋ. ನನಗೆ ಕೆಲಸ ಸಿಕ್ಕಿತು. ಆ ಸಂಕ್ರಾಂತಿಗೆ ಊರಿಗೆ ಬರುವಷ್ಟರಲ್ಲಿ ಅಯ್ಯನವರು ತೀರಿಕೊಂಡಿದ್ದರು. ಅವರು ನಮ್ಮೂರಿನಲ್ಲಿ ಹೇಳಿದ ಕೊನೆಯ ಒಡಪು ಅದು. ಆ ರಾತ್ರಿಯಂಥ ವೀರಗಾಸೆ ಮತ್ತೆ ಆಗಲಿಲ್ಲವೆಂದು ಜನ ಹೇಳುವುದನ್ನು ಕೇಳಿದ್ದೇನೆ. ಕೇಳಿದಾಗಲೆಲ್ಲ ನಾನೂ ಅಲ್ಲಿದ್ದವನಂತೆ ತಲೆಯಾಡಿಸಿದ್ದೇನೆ. ಬೆಂಗಳೂರಿನ ಗೆಳೆಯರಿಗಂತೂ ಕಣ್ಣಾರೆ ಕಂಡವನಂತೆ ಬಣ್ಣಿಸಿಯೂ ಇದ್ದೇನೆ.

ಬೆಂಚಿನ ಮೇಲೆ ಆ ರಾತ್ರಿಯ ಮಾತೇ ಎದ್ದಿತು. ಮೂವರೂ ಅಲ್ಲಿದ್ದರಂತೆ! ಮೇಷ್ಟರು ಹೈಸ್ಕೂಲು ಹುಡುಗರು, ಕಡೂರಿನಿಂದ ಗೆಳೆಯರೊಡನೆ ನಡೆದೇ ಬಂದಿದ್ದರು. ಮಂಡಿಯವರು ಅಕ್ಕನ ಮನೆಗೆ ಬಂದವರು. ಸಾಹುಕಾರರು ಏಳು ವರ್ಷದವರು, ಅಪ್ಪನ ಗಾಡಿಯಲ್ಲಿ ಬಂದವರು.

"ವೀರಭದ್ರ ಹುಟ್ಟೋ ಹೊತ್ತಿಗೆ ಸರಿಯಾಗಿ ಕರಡೆ ಸತ್ತುಹೋಯ್ತು," ಎಂದರು ಮೇಷ್ಟರು. "ಹೊಡೆದರೆ ಹಲಗೆ ತಟ್ಟಿದ ಹಾಗೆ. ಕರಡೆಯವನು ಕೋಲು ಕೆಳಗಿಟ್ಟ. ಅಯ್ಯನವರು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಬರೀ ಬಾಯಲ್ಲಿ ಒಡಪು ತೆಗೆದರು ನೋಡಿ. ಮುಪ್ಪಿನ ಆ ಗಂಟಲನ್ನು ಅಲ್ಲಿಯವರೆಗೆ ಯಾರು ಕೇಳಿದ್ದರು? ವಾದ್ಯ ಅದನ್ನು ಮುಚ್ಚಿತ್ತು."

"ಬರೀ ಬಾಯಲ್ಲಿ ಅಲ್ಲ," ಎಂದು ಮಂಡಿಯವರು ತಿದ್ದಿದರು. "ಕಾಲಲ್ಲಿ. ಗೆಜ್ಜೆಯಲ್ಲೇ ಕರಡೆಯ ಪೆಟ್ಟು ಹಾಕಿದರು. ಆಮೇಲೆ ಕೂತಿದ್ದ ಜನವೆಲ್ಲ ತೊಡೆ ತಟ್ಟೋಕೆ ಶುರುಮಾಡಿದರು."

"ತೊಡೆ ಅಲ್ಲ, ಚಪ್ಪಾಳೆ."

"ನೀವು ಹಿಂದೆ ನಿಂತಿದ್ದಿರಿ ಮೇಷ್ಟ್ರೇ."

ಇಬ್ಬರೂ ಸ್ವಲ್ಪ ಜೋರಾಗಿಯೇ ವಾದಿಸಿದರು. ಪಕ್ಕದ ಬೆಂಚಿನವರು ಆಸ್ತಿಯ ವ್ಯಾಜ್ಯವೆಂದು ತಿಳಿದಿರಬೇಕು. ಕರಡೆ ಯಾಕೆ ಸತ್ತಿತೆಂಬುದಕ್ಕೂ ಜಗಳವೇ. ಹಳೆಯ ಚರ್ಮ ಎಂದು ಒಬ್ಬರು, ಆ ವರ್ಷ ಮಂಜು ಹೆಚ್ಚು ಎಂದು ಇನ್ನೊಬ್ಬರು.

"ಎರಡೂ ಅಲ್ಲಣ್ಣ," ಎಂದರು ಸಾಹುಕಾರರು, ತಮ್ಮ ಕೈಗಳನ್ನು ನೋಡಿಕೊಳ್ಳುತ್ತ. "ಬೆಂಕಿ ಆರಿಹೋಯ್ತು. ನಾನೇ ಆರಿಸಿದ್ದು. ಯಾರೋ ಒಬ್ಬಣ್ಣ ನನ್ನ ಕೈಗೆ ಹುಲ್ಲು ಕೊಟ್ಟು ನೋಡ್ಕೋ ಅಂತ ಹೇಳಿ ಹೋದ. ನಾನು ಏಳು ವರ್ಷದ ಕೂಸು, ಬೆಂಕಿ ಬೆಚ್ಚಗಿತ್ತು, ನಿದ್ದೆ ಬಂದುಬಿಡ್ತು. ಜನ ಕೂಗಿದಾಗ ಎಚ್ಚರ. ನೋಡ್ತೀನಿ, ಬರೀ ಬೂದಿ. ಕೈಯಲ್ಲಿ ಹುಲ್ಲು ಹಾಗೇ ಇದೆ. ಆ ಚಳಿಗಾಲದಲ್ಲೇ ಅಯ್ಯನೋರು ಹೋದರು ಅಂತ ಅಪ್ಪ ಹೇಳಿದಾಗ, ಅದೂ ನನ್ನಿಂದಲೇ ಅಂದ್ಕೊಂಡಿದ್ದೆ. ಬಹಳ ವರ್ಷ ಹಾಗೇ ಅಂದ್ಕೊಂಡಿದ್ದೆ. ಅಂತರಘಟ್ಟೆ ಜಾತ್ರೇಲಿ ಪಾನಕದ ಬಂಡಿ ಓಡಿಸೋವಾಗ ಕರಡೆ ಕೇಳಿಸಿದರೂ ಹೊಟ್ಟೆ ತೊಳಸೋದು. ಇವತ್ತಿಗೂ ಎಲ್ಲಿ ವೀರಗಾಸೆ ಆದರೂ ಮೊದಲು ಕರಡೆ ಮುಟ್ಟಿ ನೋಡ್ತೀನಿ. ನಮ್ಮ ಮನೆಯವರು ನಗ್ತಾರೆ."

ಮೇಷ್ಟರೂ ಮಂಡಿಯವರೂ ಸುಮ್ಮನಾದರು. ಧ್ವನಿವರ್ಧಕದಲ್ಲಿ ಶಿವಮೊಗ್ಗೆಯ ಗಾಡಿಯ ಸಮಾಚಾರ ಹೇಳಿದರು. ಯಾರೂ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಅರ್ಧ ಗಂಟೆಯಲ್ಲಿ ನಾವು ಮೂರು ದಿಕ್ಕಿಗೆ ಹೋಗುವವರು. ಇನ್ನೊಂದು ಮದುವೆ ಬರುವ ತನಕ ಮುಖ ನೋಡುವ ಹಾಗಿಲ್ಲ. ಐವತ್ತು ವರ್ಷ ಸುಮ್ಮನಿದ್ದ ಅಭ್ಯಾಸವೂ ಇತ್ತು.

"ಆ ಹುಲ್ಲು ಕೊಟ್ಟವನು ನಾನೇ," ಎಂದೆ.

ಸಾಹುಕಾರರು ಥಟ್ಟನೆ ತಿರುಗಿ ನನ್ನ ಮುಖವನ್ನು ನೋಡಿದರು. ಆ ಕತ್ತಲೆಯ ಮುಖವನ್ನು ಈ ನರೆತ ಮುಖದಲ್ಲಿ ಹುಡುಕುತ್ತಿದ್ದರೆಂದು ತೋರುತ್ತದೆ. ನಾನು ಎಲ್ಲವನ್ನೂ ಹೇಳಿದೆ: ಅದು ನನ್ನ ಕೆಲಸವಾಗಿತ್ತೆಂದು, ಮಗುವಿನ ಕೈಗೆ ಕೊಡಬಾರದಾಗಿತ್ತೆಂದು, ಹೇಳದೆ ಎದ್ದುಬಂದೆನೆಂದು, ಇಷ್ಟು ವರ್ಷ ಅಲ್ಲಿದ್ದವನಂತೆ ಹೇಳಿಕೊಂಡು ತಿರುಗಿದೆನೆಂದು. ಕೊನೆಯದನ್ನು ಹೇಳುವಾಗ ಮೇಷ್ಟರ ಕಡೆ ನೋಡಲಾಗಲಿಲ್ಲ. ಎರಡು ವರ್ಷದ ಹಿಂದೆ ಅವರಿಗೂ ಹಾಗೆಯೇ ಬಣ್ಣಿಸಿದ್ದೆ.

"ಓಹೋ, ಅದಕ್ಕೇ ನೀವು ಆವತ್ತು ಕರಡೆ ಚೆನ್ನಾಗಿತ್ತು ಅಂದಿರಿ!" ಎಂದರು ಮೇಷ್ಟರು.

ಮಂಡಿಯವರು ನಕ್ಕರು. ಸಾಹುಕಾರರು ನಗಲಿಲ್ಲ. "ಅಣ್ಣ, ನಿಮ್ಮನ್ನ ಬೈಬೇಕು ಅಂತ ಬಹಳ ದಿವಸದಿಂದ ಇತ್ತು," ಎಂದರು. ಆದರೆ ಬೈಯಲಿಲ್ಲ. ಸ್ವಲ್ಪ ತಡೆದು, "ಎಲ್ಲಿದ್ದಿರಿ ನೀವು, ಆವಾಗ?" ಎಂದು ಕೇಳಿದರು.

"ಇಲ್ಲೇ. ಇದೇ ಸ್ಟೇಷನ್ನಿನಲ್ಲಿ. ಗಾಡಿ ಬರೋದಕ್ಕೆ ಇನ್ನೂ ಒಂದು ಗಂಟೆಯ ಮೇಲಿತ್ತು."

"ಕೇಳಿಸ್ತಿತ್ತಾ?"

"ಕರಡೆ ಕೇಳಿಸ್ತಿತ್ತು. ಅದು ನಿಂತದ್ದೂ ಕೇಳಿಸಿತು. ಇವತ್ತು ಬೇಗ ಮುಗಿಸಿದರು ಅಂದುಕೊಂಡೆ."

"ಮುಗೀಲಿಲ್ಲ," ಎಂದರು ಅವರು.

ಶಿವಮೊಗ್ಗೆಯ ಗಾಡಿ ಬಂದು ಮಂಡಿಯವರು ಹತ್ತಿದರು. ಕಿಟಕಿಯಿಂದಲೂ "ತೊಡೆ, ಚಪ್ಪಾಳೆ ಅಲ್ಲ" ಎಂದು ಕೂಗಿ ಹೇಳಿದರು. ಮೇಷ್ಟರು ಎರಡು ಬಸ್ಸು ಬಿಟ್ಟರು. ಸಾಹುಕಾರರು ಬೆಂಚಿನ ಮೇಲೆ ನನ್ನ ಕಡೆಗೆ ಸರಿದು ಕೂತು, ತಾಂಬೂಲದ ಚೀಲವನ್ನು ಪಕ್ಕಕ್ಕಿಟ್ಟು, ಕರಡೆ ನಿಂತಲ್ಲಿಂದ ಶುರುಮಾಡಿದರು. ನಿದ್ದೆಯಿಂದ ಎದ್ದ ಹುಡುಗನಿಗೆ ಕಂಡದ್ದು, ಆದ್ದರಿಂದ ಅಲ್ಲಲ್ಲಿ ಹಿಂದುಮುಂದಾಗಿತ್ತು. ಒಡಪಿನ ಮಾತು ಮರೆತಲ್ಲಿ ಮೇಷ್ಟರು ಹೇಳಿಕೊಟ್ಟರು. ಅದೂ ತಪ್ಪಿದಲ್ಲಿ ಸಾಹುಕಾರರು ಬೆಂಚಿನ ಹಲಗೆಯನ್ನು ಕೈಯಿಂದ ತಟ್ಟಿ ಮುಂದೆ ಹೋದರು. ನನ್ನ ಗಾಡಿ ಬಂದಾಗ ವೀರಭದ್ರ ಇನ್ನೂ ಯಜ್ಞಶಾಲೆಯ ಬಾಗಿಲಲ್ಲಿದ್ದ. ಬೆಂಗಳೂರಿಗೆ ರಾತ್ರಿ ಇನ್ನೊಂದು ಗಾಡಿ ಇದೆಯೇ ಎಂದು ಮೇಷ್ಟರನ್ನು ಕೇಳಿದೆ. ಇದೆ ಎಂದರು.