ಬೆರಳಗಲ ಹಿಮ ಉಳಿಸಿ

ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಬಫಲೋ ನಗರಕ್ಕೆ ಈರಿ ಸರೋವರದ ದಕ್ಷಿಣ ದಂಡೆ ಹಿಡಿದು ಹೋದರೆ ಸುಮಾರು 300 ಕಿಲೋಮೀಟರು. ಬೇಸಿಗೆಯಲ್ಲಿ ಮೂರು ಗಂಟೆಯ ದಾರಿ. ಡಿಸೆಂಬರಿನಲ್ಲಿ ಎಷ್ಟು ಹೊತ್ತಿನ ದಾರಿ ಎಂಬುದನ್ನು ಸರೋವರವೇ ತೀರ್ಮಾನಿಸುತ್ತದೆ. ಕೆನಡಾ ಕಡೆಯಿಂದ ಬರುವ ಒಣ ಶೀತಗಾಳಿ, ಇನ್ನೂ ಹೆಪ್ಪುಗಟ್ಟದೆ ಬೇಸಿಗೆಯ ಬಿಸಿಯನ್ನು ಅಷ್ಟಿಷ್ಟು ಉಳಿಸಿಕೊಂಡಿರುವ ನೀರಿನ ಮೇಲೆ ಹಾಯುತ್ತದೆ. ಹಾಯುತ್ತಾ ಶಾಖವನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಈಚೆ ದಂಡೆ ಮುಟ್ಟಿದ ಮೇಲೆ ಹೊತ್ತು ತಂದದ್ದನ್ನೆಲ್ಲ ಹಿಮವಾಗಿ ಸುರಿದುಬಿಡುತ್ತದೆ. ಇಲ್ಲಿಯ ಜನ ಇದಕ್ಕೆ ‘ಲೇಕ್ ಎಫೆಕ್ಟ್’ ಎನ್ನುತ್ತಾರೆ.

ಉತ್ತರ ಅಮೆರಿಕದ ಐದು ಮಹಾಸರೋವರಗಳಲ್ಲಿ ಈರಿಯೇ ತೀರ ಆಳವಿಲ್ಲದ್ದು. ಉದ್ದ 388 ಕಿಲೋಮೀಟರಾದರೂ ಸರಾಸರಿ ಆಳ ಬರೀ 19 ಮೀಟರು. ಆದ್ದರಿಂದ ಉಳಿದವುಗಳಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಒಮ್ಮೆ ಮೇಲೆ ಮಂಜುಗಡ್ಡೆ ಹರಡಿತೆಂದರೆ ಗಾಳಿಗೆ ತೇವ ಸಿಗುವುದಿಲ್ಲ, ಹಿಮವೂ ಇಳಿಮುಖವಾಗುತ್ತದೆ. ಹೆಪ್ಪುಗಟ್ಟುವ ಮುಂಚಿನ ನವೆಂಬರ್, ಡಿಸೆಂಬರುಗಳೇ ಅದರ ಅಬ್ಬರದ ಕಾಲ. 2022ರ ನವೆಂಬರಿನಲ್ಲಿ ಬಫಲೋ ಪಕ್ಕದ ಆರ್ಚರ್ಡ್ ಪಾರ್ಕಿನಲ್ಲಿ ಒಂದೇ ಬಿರುಗಾಳಿಗೆ ಸುಮಾರು 80 ಅಂಗುಲ ಹಿಮ ಬಿತ್ತು, ಎರಡು ಮೀಟರು! ಅಲ್ಲಿಯ ಫುಟ್‌ಬಾಲ್ ಪಂದ್ಯವನ್ನು ಡೆಟ್ರಾಯಿಟ್‌ಗೆ ಸಾಗಿಸಬೇಕಾಯಿತು.

ಅಣ್ಣನ ಮಗಳು ಕ್ಲೀವ್‌ಲ್ಯಾಂಡಿನಲ್ಲಿ ಕೆಲಸದಲ್ಲಿದ್ದಾಳೆ, ಅವಳ ಗಂಡ ಬಫಲೋದಲ್ಲಿ. ಈ ದಾರಿ ಅವಳಿಗೆ ಅಂಗೈಗೆರೆ. ಅವಳ ಕಾರು ಕಡುಗಪ್ಪು. ಊರು ಬಿಡುವಾಗ ದಂಡೆಯ ಕಡೆ ಕೈ ತೋರಿಸಿ, “ಚಿಕ್ಕಪ್ಪ, ಈ ನೀರಿನ ಕೆಳಗೆ ಉಪ್ಪಿನ ಗಣಿ ಇದೆ ಗೊತ್ತಾ?” ಎಂದಳು. ಸರೋವರದ ಅಡಿಯಲ್ಲಿ, ಸುಮಾರು 1,800 ಅಡಿ ಆಳದಲ್ಲಿ, 40 ಕೋಟಿ ವರ್ಷಕ್ಕೂ ಹಿಂದಿನ ಒಂದು ಸಮುದ್ರ ಒಣಗಿ ಬಿಟ್ಟುಹೋದ ಉಪ್ಪಿನ ಪದರವಿದೆ. ಅದನ್ನು ಅಗೆದು ತೆಗೆದು ಚಳಿಗಾಲದಲ್ಲಿ ರಸ್ತೆಗಳಿಗೆ ಎರಚುತ್ತಾರೆ. ಉಪ್ಪು ಬೆರೆತ ನೀರು ಶೂನ್ಯ ಡಿಗ್ರಿಗೆ ಹೆಪ್ಪುಗಟ್ಟುವುದಿಲ್ಲವಲ್ಲ! ಮೇಲಿನ ನೀರು ಹಿಮ ಕೊಡುತ್ತದೆ, ಅದೇ ನೀರಿನ ತಳದ ಕೆಳಗಿನ ನೆಲ ಆ ಹಿಮ ಕರಗಿಸುವ ಉಪ್ಪು ಕೊಡುತ್ತದೆ. ಕಿಟಕಿಯಾಚೆಯ ಬೂದು ಬಣ್ಣದ ಅಲೆಗಳನ್ನು ನೋಡುತ್ತ ನಾನು ಬಹಳ ಹೊತ್ತು ಅದನ್ನೇ ಯೋಚಿಸುತ್ತಿದ್ದೆ.

ಆ್ಯಷ್ಟಬ್ಯುಲಾ ದಾಟುವವರೆಗೆ ಬಿಸಿಲಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಗಡಿಯ ಹತ್ತಿರ ಮುಂದೆ ನೆಲದಿಂದ ಮುಗಿಲಿಗೆ ಎದ್ದ ಒಂದು ಬಿಳಿಗೋಡೆ ಕಂಡಿತು. ಲೇಕ್ ಎಫೆಕ್ಟಿನ ಹಿಮ ಊರಿಗೆ ಊರನ್ನೇ ಆವರಿಸುವಂಥದ್ದಲ್ಲ. ಗಾಳಿಯ ಜಾಡು ಹಿಡಿದು ಕೆಲವೇ ಕಿಲೋಮೀಟರು ಅಗಲದ ಪಟ್ಟಿಯಾಗಿ ಸುರಿಯುತ್ತದೆ. ಪಟ್ಟಿಯ ಈಚೆ ಬಿಸಿಲು, ಆಚೆ ಎದುರಿನ ವಾಹನದ ದೀಪವೂ ಕಾಣದ ಬಿಳುಪು. ನಾವು ಆ ಗೋಡೆಯೊಳಗೆ ಹೊಕ್ಕೆವು. ಆ ಕ್ಷಣದ ಬೆರಗನ್ನು ನಾನು ಮರೆಯಲಾರೆ. ಅವಳು ವೇಗ ತಗ್ಗಿಸಿ, ಈರಿ ಎಂಬ ಹೆಸರಿನದೇ ಊರಿನಲ್ಲಿ ದಾರಿ ಬಿಟ್ಟು ಒಂದು ವಸತಿಗೃಹ ಸೇರಿಸಿದಳು. 2017ರ ಕ್ರಿಸ್‌ಮಸ್ ದಿನ 34 ಅಂಗುಲ ಹಿಮ ಬಿದ್ದು ದಾಖಲೆಯಾದ ಊರು ಇದು. ಒಳಗೆ ಹೋಗುವ ಮುಂಚೆ ಅವಳು ಎರಡೂ ವೈಪರ್‌ಗಳನ್ನು ಗಾಜಿನಿಂದ ಎತ್ತಿ ನಿಲ್ಲಿಸಿದಳು, ರಬ್ಬರು ಗಾಜಿಗೆ ಹೆಪ್ಪುಗಟ್ಟಿ ಅಂಟದಿರಲಿ ಎಂದು. ವಾಹನ ನಿಲ್ದಾಣದ ಎಲ್ಲ ಕಾರುಗಳೂ ಹಾಗೆಯೇ ಎರಡು ಕೈ ಎತ್ತಿ ನಿಂತಿದ್ದವು.

ಬೆಳಗ್ಗೆ ಕಾರುಗಳೇ ಇರಲಿಲ್ಲ! ಇದ್ದದ್ದು ದುಂಡನೆಯ ಬಿಳಿ ದಿಬ್ಬಗಳ ಸಾಲು, ಅವುಗಳ ನೆತ್ತಿಯಿಂದ ಹೊರಗೆ ಚಾಚಿದ ವೈಪರ್ ಕಡ್ಡಿಗಳು. ಹೊಸ ಹಿಮದ ಎಸಳುಗಳ ನಡುವೆ ಗಾಳಿಯೇ ಹೆಚ್ಚು. ಆ ಸಂದುಗಳು ಸದ್ದನ್ನು ನುಂಗುವುದರಿಂದ ಹೆದ್ದಾರಿಯ ಲಾರಿಗಳ ಮೊರೆತ ಕೂಡ ಕೇಳಿಸುತ್ತಿರಲಿಲ್ಲ. ಇಂಥ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೋ ತೂಗುತ್ತದೆ. ಎರಡು ಚದರ ಮೀಟರಿನ ಕಾರಿನ ಚಾವಣಿಯ ಮೇಲೆ ಒಂದಡಿ ಕೂತರೆ 30ರಿಂದ 60 ಕಿಲೋ. ನೋಡಿದರೆ ಉಫ್ ಎಂದರೆ ಹಾರಿಹೋದೀತು ಅನ್ನಿಸುತ್ತದೆ.

ಅವಳು ಮೊದಲು ಹೋದದ್ದು ಕಾರಿನ ಹಿಂಬದಿಗೆ. ಹೊಗೆ ಕೊಳವೆಯ ಬಾಯಿಯನ್ನು ಕೈಯಿಂದ ತೋಡಿ ಬಿಡಿಸಿದಳು. ಅದು ಹಿಮದಲ್ಲಿ ಹೂತಿರುವಾಗ ಎಂಜಿನ್ ಹಾಕಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡು ಒಳಗೆ ನುಗ್ಗಿ ಕೂತವರನ್ನು ಕೊಲ್ಲುತ್ತದೆ. ಎಷ್ಟೇ ಅವಸರವಿದ್ದರೂ ಇದು ಮೊದಲು ಎಂದು ಒತ್ತಿ ಹೇಳಿದಳು. ಆಮೇಲೆ ಎಂಜಿನ್ ಹಾಕಿ, ಮುಂದಿನ ಹಿಂದಿನ ಗಾಜುಗಳಿಗೆ ಬಿಸಿಗಾಳಿ ಬಿಟ್ಟು, ಡಿಕ್ಕಿಯಿಂದ ಉದ್ದ ಹಿಡಿಯ ಒಂದು ಸಾಧನ ತೆಗೆದಳು. ತುದಿಯಲ್ಲಿ ಕೂದಲಿರಲಿಲ್ಲ, ಮೆತ್ತಗಿನ ಫೋಮಿನ ದಪ್ಪ ಹಲಗೆಯಿತ್ತು. ಅದನ್ನು ಬೂಟಿಗೆ ತಟ್ಟಿ ಕೊಡವಿ, ಕೈಗವಸು ಕಳಚಿ, ಬರಿಗೈಯಿಂದ ಫೋಮನ್ನು ಪೂರ್ತಿ ಸವರಿ ನೋಡಿದಳು.

“ಏನು ಹುಡುಕ್ತಾ ಇದ್ದೀಯ ಪುಟ್ಟಿ?”

“ಮರಳು, ಚಿಕ್ಕಪ್ಪ. ಹಿಮ ಗೀರಲ್ಲ. ಗೀರೋದು ಮರಳು.”

ಈ ಪಯಣದ ತಿರುಳೆಲ್ಲ ನನಗೆ ಈ ಒಂದು ಮಾತಿನಲ್ಲಿದೆ. ಶೂನ್ಯದ ಆಸುಪಾಸಿನಲ್ಲಿ ಮಂಜುಗಡ್ಡೆಯ ಗಡಸುತನ ಮೋಸ್ ಮಾಪಕದಲ್ಲಿ ಒಂದೂವರೆ, ಉಗುರಿಗಿಂತಲೂ ಮೆದು. ಮರಳಿನಲ್ಲಿರುವ ಕ್ವಾರ್ಟ್ಜ್‌ನದು ಏಳು. ಕಾರಿನ ಮೈಮೇಲೆ ಮೊದಲೇ ಕೂತ ರಸ್ತೆಯ ಧೂಳು, ಜಾರದಿರಲೆಂದು ಎರಚಿದ ಮರಳು, ಕರಗದ ಉಪ್ಪಿನ ಹರಳು ಎಲ್ಲವೂ ಹಿಮದ ತೀರ ಕೆಳಪದರದಲ್ಲಿ ಸಿಕ್ಕಿಕೊಂಡಿರುತ್ತವೆ. ಅವುಗಳ ಕೆಳಗಿರುವುದೇ ಬಣ್ಣ. ಕಾರಿನ ಹೊಳಪೆಲ್ಲ ಇರುವುದು ‘ಕ್ಲಿಯರ್ ಕೋಟ್’ ಎಂಬ ಹೊರಗಿನ ಪಾರದರ್ಶಕ ಪದರದಲ್ಲಿ, ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನು. ತಲೆಗೂದಲು ಸುಮಾರು 70 ಮೈಕ್ರಾನು. ಒಂದೂವರೆ ಟನ್ನಿನ ಯಂತ್ರದ ಚೆಲುವನ್ನು ಕಾಯುತ್ತಿರುವುದು ಕೂದಲೆಳೆಗಿಂತ ತೆಳುವಾದ ಒಂದು ಪೊರೆ! ಒರಟಾಗಿ ಉಜ್ಜಿದರೆ ಮರಳಿನ ಕಣಗಳು ಅದರ ಮೇಲೆ ನೂರಾರು ಸಣ್ಣ ಗೆರೆ ಎಳೆಯುತ್ತವೆ. ಕಪ್ಪು ಬಣ್ಣದಲ್ಲಿ ಒಂದೂ ಅಡಗುವುದಿಲ್ಲ, ಬಿಸಿಲು ಬಿದ್ದಾಗ ಜೇಡರಬಲೆ ಹರಡಿದ ಹಾಗೆ ಎದ್ದು ಕಾಣುತ್ತವೆ.

ಅವಳ ಕ್ರಮ ಹೀಗಿತ್ತು. ಚಾವಣಿ ಮೊದಲು, ಗಾಜು ಮೊದಲು ಮಾಡಿದರೆ ಮೇಲಿನದೆಲ್ಲ ಮತ್ತೆ ಅದರ ಮೇಲೇ ಬೀಳುತ್ತದೆ. ಫೋಮಿನ ಹಲಗೆಯನ್ನು ಹಿಮದ ನಡುವಿಗೆ ಇಟ್ಟು, ತನ್ನಿಂದ ಆಚೆಗೆ ಒಂದೇ ದಿಕ್ಕಿನಲ್ಲಿ ತಳ್ಳುತ್ತಿದ್ದಳು. ತಳ್ಳಿ, ಎತ್ತಿ, ಮತ್ತೆ ಇಟ್ಟು ತಳ್ಳುವುದು; ಹಿಂದಕ್ಕೆ ಎಳೆಯುವುದಿಲ್ಲ, ವೃತ್ತಾಕಾರವಾಗಿ ತಿರುಗಿಸುವುದಿಲ್ಲ, ಮೇಲಿನಿಂದ ಒತ್ತುವುದಿಲ್ಲ. ಪ್ರತಿ ಸಲವೂ ಬಣ್ಣದ ಮೇಲೆ ಒಂದು ಬೆರಳಗಲದಷ್ಟು ಹಿಮವನ್ನು ಹಾಗೆಯೇ ಬಿಡುತ್ತಿದ್ದಳು. ಆ ಬೆರಳಗಲವೇ ಫೋಮಿಗೂ ಮರಳಿಗೂ ನಡುವಿನ ಕಾವಲು. ಎಂಜಿನ್ನಿನ ಬಿಸಿ ಏರಿದಂತೆ ಬಾನೆಟ್ಟಿನ ಮೇಲೆ ಉಳಿದದ್ದು ತಳದಿಂದ ಕರಗಿ, ಚಪ್ಪಟೆ ಹಾಳೆಗಳಾಗಿ ತಾನಾಗಿಯೇ ಜಾರಿತು. ಮರಳನ್ನೂ ತನ್ನ ಜೊತೆಗೇ ಕರೆದುಕೊಂಡು ಹೋಯಿತು. ಪೂರ್ತಿ ತೆಗೆಯದೆ ಬಿಡುವುದರಲ್ಲಿ ಇಷ್ಟು ಜಾಣ್ಮೆ ಇದೆಯೆಂದು ನನಗೆ ಅಂದೇ ತಿಳಿದದ್ದು.

ಪ್ಲಾಸ್ಟಿಕ್ಕಿನ ಸ್ಕ್ರೇಪರ್ ಕೂಡ ಇತ್ತು, ಆದರೆ ಗಾಜಿಗೆ ಮಾತ್ರ. ಗಾಜು ಪ್ಲಾಸ್ಟಿಕ್ಕಿಗಿಂತ ಬಹಳ ಗಡಸು, ತಾಳಿಕೊಳ್ಳುತ್ತದೆ. ಕ್ಲಿಯರ್ ಕೋಟ್ ತಾಳದು. ಗಾಜಿಗೆ ಕಚ್ಚಿದ ಮಂಜುಗಡ್ಡೆಯ ಮೇಲೆ ಎರಡು ಪಾಲು ಆಲ್ಕೊಹಾಲು, ಒಂದು ಪಾಲು ನೀರು ಬೆರೆಸಿದ ದ್ರವ ಸಿಂಪಡಿಸಿ ಸ್ವಲ್ಪ ಕಾದಳು. ಬಿಸಿನೀರು ಸುರಿಯುವುದು ಮಾತ್ರ ಸಲ್ಲದು: ತಣ್ಣಗಿನ ಗಾಜು ಒಮ್ಮೆಲೇ ಹಿಗ್ಗಿ ಸೀಳಬಹುದು, ಸುರಿದ ನೀರೂ ಇನ್ನೆಲ್ಲೋ ಹೋಗಿ ಗಡ್ಡೆಯಾಗುತ್ತದೆ. ಸಲಿಕೆ, ಮನೆಯ ಪೊರಕೆ, ರಟ್ಟಿನ ತುಂಡು ಇವೂ ಬೇಡ. ನಸುಕಿನಲ್ಲಿ ಹಿಮ ನೂಕುವ ಲಾರಿ ನಿಲ್ದಾಣದ ದಾರಿ ತೆರವು ಮಾಡಿ ಹೋಗಿತ್ತು. ಅದು ಎರಚಿದ ಕಂದು ಹಿಮ ಕಾರಿನ ಒಂದು ಮಗ್ಗುಲ ಬಾಗಿಲುಗಳಿಗೆ ಅಂಟಿತ್ತು. ಅವಳು ಅದಕ್ಕೆ ಫೋಮು ಮುಟ್ಟಿಸಲೇ ಇಲ್ಲ. “ಅದರ ತುಂಬ ಮರಳೇ ಇದೆ. ನೀರಲ್ಲೇ ಹೋಗ್ಲಿ” ಎಂದು ಹಿಡಿಕೆ, ದೀಪ, ಕ್ಯಾಮೆರಾಗಳಷ್ಟನ್ನು ಬಿಡಿಸಿಕೊಂಡು ಬಿಟ್ಟಳು.

ನನ್ನ ಪಾಲಿಗೆ ಡಿಕ್ಕಿಯ ಮುಚ್ಚಳ ಬಂತು. ತಳ್ಳಿದ ಕಡೆ ಉಳಿದ ತೆಳು ಪದರದ ಅಂಚಿನಲ್ಲಿ ಕೆಳಗಿನ ಕಪ್ಪು ಬಣ್ಣ ಇಣುಕುತ್ತಿತ್ತು. ಆಗಷ್ಟೇ ಬಿದ್ದ ಕೆಲವು ಹಿಮದ ಹರಳುಗಳು ಅದರ ಮೇಲೆ ಬಿಡಿಬಿಡಿಯಾಗಿ ಕೂತಿದ್ದವು. ಬಾಗಿ ನೋಡಿದೆ. ಆರು ಕೈ, ಪ್ರತಿ ಕೈಗೂ ಕವಲು, ಕವಲಿಗೂ ಮತ್ತೆ ಹಲ್ಲು! ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೊ ತೆಗೆದ. ಬದುಕಿನಲ್ಲಿ 5,000ಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದ. ಅವನೂ ಅವುಗಳನ್ನು ಹಿಡಿಯುತ್ತಿದ್ದದ್ದು ಕಪ್ಪು ಹಲಗೆಯ ಮೇಲೆ. 1936ರಲ್ಲಿ ಜಪಾನಿನ ಉಕಿಚಿರೊ ನಕಾಯ ಹೊಕ್ಕೈಡೊದ ಪ್ರಯೋಗಾಲಯದಲ್ಲಿ ಮೊಲದ ಕೂದಲಿನ ತುದಿಯಲ್ಲಿ ಹಿಮದ ಹರಳು ಬೆಳೆಸಿ, ಯಾವ ತಾಪಮಾನ ಮತ್ತು ತೇವಕ್ಕೆ ಯಾವ ಆಕಾರ ಬರುತ್ತದೆಂದು ತೋರಿಸಿಕೊಟ್ಟ. ಆ ಕೈಗಳ ಆಕಾರದಲ್ಲಿ ಸರೋವರದ ಮೇಲಿನ ಮೋಡ ಎಷ್ಟು ತಣ್ಣಗಿತ್ತೆಂಬುದು ಬರೆದಿತ್ತು. ನನ್ನ ಉಸಿರು ತಾಗಿ ಅವು ನೀರ ಹನಿಯಾದವು.

ಚಾವಣಿಯ ಹಿಮ ಹಾಗೇ ಬಿಟ್ಟು ಹೊರಡುವುದು ಪೆನ್ಸಿಲ್ವೇನಿಯಾದಲ್ಲಿ ಅಪರಾಧ. 2022ರ ಕಾನೂನಿನಂತೆ ಹಿಮ ನಿಂತ 24 ಗಂಟೆಯೊಳಗೆ ವಾಹನದ ಮೇಲಿನ ಹಿಮ, ಗಡ್ಡೆ ತೆಗೆಯಲು ತಕ್ಕ ಪ್ರಯತ್ನ ಮಾಡಲೇಬೇಕು. ಓಡುವ ವಾಹನದಿಂದ ಕಿತ್ತುಬಂದ ಗಡ್ಡೆ ಹಿಂದಿನವರ ಗಾಜು ಒಡೆದು ಜೀವ ತೆಗೆದ ಪ್ರಕರಣಗಳಿಂದ ಬಂದ ಕಾನೂನು ಅದು. ಬಣ್ಣ ಉಳಿಯಬೇಕೆಂಬ ಕಾಳಜಿಯೂ ಹಿಂದೆ ಬರುವವರು ಉಳಿಯಬೇಕೆಂಬ ಕಾಳಜಿಯೂ ಅಲ್ಲಿ ಒಂದೇ ಕೈಯ ಕೆಲಸ. ಪಕ್ಕದ ಪಿಕಪ್ಪಿನ ಹಿರಿಯರೊಬ್ಬರು ತಮ್ಮದು ಮುಗಿಸಿ, ಏನೂ ಕೇಳದೆ ನಮ್ಮ ಚಾವಣಿಯ ಆಚೆ ಅರ್ಧ ತೆಗೆದುಕೊಟ್ಟರು. ಅವರೂ ಬೆರಳಗಲ ಉಳಿಸಿಯೇ ತೆಗೆದರು.

ಮುಂದಿನ ದಾರಿ ಸಲೀಸು. ವೆಸ್ಟ್‌ಫೀಲ್ಡಿನ ದ್ರಾಕ್ಷಿತೋಟಗಳು ಎಲೆ ಉದುರಿ ಹಿಮದ ಮೇಲೆ ಕಪ್ಪು ಗೆರೆಗಳಾಗಿದ್ದವು. ಇಳಿಮಧ್ಯಾಹ್ನ ಬಫಲೋ ತಲುಪಿದೆವು. ನಗರದ ನಡುವೆ ಇಟ್ಟಿಗೆಯ ಒಂದು ದೊಡ್ಡ ಕಟ್ಟಡದ ಮುಂದೆ ಅವಳು ಕಾರು ನಿಧಾನಿಸಿದಳು. 1917ರಲ್ಲಿ ಇಲ್ಲಿ ಹುಟ್ಟಿದ ಟ್ರೈಕೊ ಕಂಪನಿಯ ಕಾರ್ಖಾನೆ ಅದು, ವೈಪರ್ ತಯಾರಿಸುತ್ತಿದ್ದದ್ದು. ಮಳೆಯ ರಾತ್ರಿ ತನ್ನ ಕಾರಿಗೆ ಸೈಕಲ್ ಸವಾರನೊಬ್ಬ ಸಿಕ್ಕಿದ ಮೇಲೆ ಜಾನ್ ಆಯ್‌ಶಿ ಎಂಬಾತ ಆರಂಭಿಸಿದ ಉದ್ಯಮ. ಅದಕ್ಕೂ ಮುಂಚೆ, 1903ರಲ್ಲಿ, ಅಲಬಾಮಾದ ಮೇರಿ ಆ್ಯಂಡರ್ಸನ್ ವೈಪರಿಗೆ ಪೇಟೆಂಟ್ ಪಡೆದಿದ್ದಳು. ನ್ಯೂಯಾರ್ಕಿನ ಟ್ರಾಮಿನ ಚಾಲಕ ಹಿಮ ಬೀಳುವಾಗ ಗಾಜು ತೆರೆದಿಟ್ಟು ಚಳಿಯಲ್ಲಿ ನಡುಗುತ್ತ ಓಡಿಸುವುದನ್ನು ನೋಡಿ ಹೊಳೆದ ಯೋಚನೆ ಅವಳದು. ನಮ್ಮ ಬೆಂಗಳೂರಿನ ಮಳೆಯಲ್ಲಿ ಆಡುವ ವೈಪರಿನ ಮೂಲ ಒಂದು ಹಿಮದ ದಿನದಲ್ಲಿದೆ.

ತಾಪಮಾನ ಶೂನ್ಯದ ಮೇಲಿತ್ತು. ಇದೇ ಹೊತ್ತು ಎಂದು ಅವಳು ಕಾರು ತೊಳೆಯುವ ಕಡೆಗೆ ಹೊರಳಿಸಿದಳು. ಶೂನ್ಯದ ಕೆಳಗೆ ತೊಳೆದರೆ ಬಾಗಿಲ ರಬ್ಬರುಗಳೇ ಹೆಪ್ಪುಗಟ್ಟಿ ಅಂಟುತ್ತವೆ. ಬ್ರಷ್ ತಾಗಿಸದೆ ಬರೀ ನೀರಿನ ರಭಸದಲ್ಲಿ ತೊಳೆಯುವ ಜಾಗ. ಮೊದಲು ಅಡಿಭಾಗ, ಉಪ್ಪು ಕಬ್ಬಿಣ ತಿನ್ನುವುದು ಅಲ್ಲಿಂದಲೇ ಶುರು. ಆಮೇಲೆ ಆ ಕಂದು ಮಗ್ಗುಲು. ಮರಳು ಸಾಲುಸಾಲಾಗಿ ಇಳಿದು ಹೋಯಿತು. ಒಣಗಿದ ಮೇಲೆ ಮೊಬೈಲಿನ ಟಾರ್ಚನ್ನು ಬಾನೆಟ್ಟಿಗೆ ಓರೆಯಾಗಿ ಹಿಡಿದು ಇಬ್ಬರೂ ಇಂಚಿಂಚೂ ನೋಡಿದೆವು. ಹೊಸ ಗೆರೆ ಒಂದೂ ಇರಲಿಲ್ಲ.

ರಾತ್ರಿ ಇನ್ನೊಂದು ಪಟ್ಟಿ ನಗರದ ದಕ್ಷಿಣದ ಊರುಗಳ ಮೇಲೆ ಬೀಳಲಿದೆ ಎಂದು ರೇಡಿಯೊ ಹೇಳುತ್ತಿತ್ತು. ಅವಳ ಗಂಡನ ಮನೆ ಇರುವುದು ಅಲ್ಲಿಯೇ.

“ನಾಳೆ ಚಾವಣಿ ನನಗೆ ಬಿಡು” ಎಂದೆ.

“ಆಯ್ತು ಚಿಕ್ಕಪ್ಪ, ಹಾಗಾದ್ರೆ ರಾತ್ರೀನೇ ಕೈಗವಸು ಹೀಟರ್ ಹತ್ರ ಒಣಗಿಸಿಡಿ. ಆರು ಗಂಟೆಗೆ ಎಬ್ಬಿಸ್ತೀನಿ” ಎಂದಳು.