‘ಹೋಯಿತು’ ಎಂದ ನಾನು

ಈ ಪ್ರಸಂಗವನ್ನು ಬರೆಯಬೇಕೆ, ಬೇಡವೆ ಎಂದು ಬಹುಕಾಲ ಅನುಮಾನಿಸಿದ್ದೆ. ನಷ್ಟವಾದದ್ದು ಕೆಲವು ಸಾವಿರ ರೂಪಾಯಿ. ನಡೆದದ್ದು ಮನೆಯ ನಾಲ್ಕು ಗೋಡೆಗಳ ನಡುವೆ. ಆದರೂ 2019ರ ಒಂದು ಭಾನುವಾರ ನನ್ನ ಬಾಯಿಂದ ಹೊರಟ ಒಂದೇ ಒಂದು ಕ್ರಿಯಾಪದ ಇಂದಿಗೂ ಚುಚ್ಚುತ್ತಿರುವುದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ನನ್ನ ತಮ್ಮನ ಮಗಳು ಮೈಸೂರಿನಲ್ಲಿ ಮನೆಯಲ್ಲಿದ್ದುಕೊಂಡೇ ಪುಸ್ತಕಗಳ ಅಕ್ಷರಜೋಡಣೆ, ಪುಟವಿನ್ಯಾಸ ಮಾಡುತ್ತಾಳೆ. ಅದೇ ಅವಳ ಜೀವನೋಪಾಯ. 2017ರಲ್ಲಿ ಕೊಂಡ ಅವಳ ಗಣಕಯಂತ್ರವು ಚಿತ್ರಗಳಿರುವ ದೊಡ್ಡ ಪುಸ್ತಕಗಳನ್ನು ತೆರೆಯುವಾಗ ಏದುಸಿರು ಬಿಡುತ್ತಿತ್ತು. ಅದರೊಳಗಿನ ಪೆಂಟಿಯಂ ಪ್ರೊಸೆಸರನ್ನು ತೆಗೆದು, ಅದೇ ಮದರ್‌ಬೋರ್ಡಿಗೆ ಹೊಂದುವ ಐ5 ಒಂದನ್ನು ಕೂರಿಸಿದರೆ ಸಾಕೆಂದು ಸೂಚಿಸಿದವನು ನಾನೇ. ಬಳಸಿದ ಮಾಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯಿತು.

“ಅಂಗಡಿಯವರ ಕೈಲಿ ಹಾಕಿಸೋಣವಾ ದೊಡ್ಡಪ್ಪ?” ಎಂದು ಕೇಳಿದಳು.

“ನಾನಿರುವಾಗ ಅಂಗಡಿ ಯಾಕಮ್ಮ?” ಎಂದೆ.

ಈ ಧೈರ್ಯಕ್ಕೆ ಕಾರಣವಿತ್ತು. ತೊಂಬತ್ತರ ದಶಕದಲ್ಲಿ ಬ್ಯಾಂಕಿನ ಗಣಕ ವಿಭಾಗದಲ್ಲಿದ್ದಾಗ ಎಷ್ಟೋ ಯಂತ್ರಗಳನ್ನು ಬಿಚ್ಚಿ ಜೋಡಿಸಿದ್ದೆ. ಆಗ ಸೂಕ್ಷ್ಮವಾದ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿರುತ್ತಿದ್ದವು. ಬೋರ್ಡಿನಲ್ಲಿದ್ದದ್ದು ಬರಿಯ ರಂಧ್ರಗಳು. ಚಿಪ್ಪನ್ನು ಜೋಪಾನ ಮಾಡಿದರೆ ಕೆಲಸ ಕೆಟ್ಟಿತೆಂಬುದೇ ಇರಲಿಲ್ಲ. 2004ರಲ್ಲಿ ಇಂಟೆಲ್ ಸಂಸ್ಥೆಯು ಎಲ್‌ಜಿಎ 775 ಎಂಬ ಸಾಕೆಟ್ಟಿನೊಂದಿಗೆ ಈ ಕ್ರಮವನ್ನು ತಿರುವುಮುರುವು ಮಾಡಿತು. ಚಿಪ್ಪಿನ ಅಡಿ ನುಣುಪಾಯಿತು, ಪಿನ್ನುಗಳು ಬೋರ್ಡಿಗೆ ಬಂದವು. (2022ರಲ್ಲಿ ಎಎಂಡಿಯವರೂ ಮನೆಬಳಕೆಯ ಯಂತ್ರಗಳಿಗೆ ಇದೇ ದಾರಿ ಹಿಡಿದರು.) ಮಗಳ ಯಂತ್ರದಲ್ಲಿದ್ದದ್ದು 1151 ಪಿನ್ನುಗಳ ಸಾಕೆಟ್ಟು. ಇದೆಲ್ಲ ನನಗೆ ತಿಳಿಯದ ಸಂಗತಿಯಲ್ಲ. ತಲೆಗೆ ತಿಳಿದಿತ್ತು, ಕೈಗೆ ತಿಳಿದಿರಲಿಲ್ಲ.

ಹಳೆಯ ಚಿಪ್ಪನ್ನು ಸುಲಭವಾಗಿ ತೆಗೆದೆ. ಹೊಸದನ್ನು ಅಂಚಿನಲ್ಲಿ ಹಿಡಿದು ಇಳಿಸುತ್ತಿದ್ದಾಗ ಹೆಬ್ಬೆರಳಿನಿಂದ ಜಾರಿ, ಅದರ ಮೂಲೆ ಸಾಕೆಟ್ಟಿನ ಮೇಲೆ ಬಿತ್ತು. ಸದ್ದೂ ಆಗಲಿಲ್ಲ. ಎತ್ತಿ ನೇರ ಮಾಡಿ ಕೂರಿಸಿ ಸನ್ನೆಯನ್ನು ಒತ್ತಿದೆ. ಆ ಸನ್ನೆ ಸಹಜವಾಗಿಯೇ ಬಿಗಿಯಾಗಿರುವುದರಿಂದ ಸಂಶಯವೂ ಬರಲಿಲ್ಲ. ಗುಂಡಿ ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಬಿಚ್ಚಿ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿದೆ. ಸಾಲು ನೆಟ್ಟ ಪೈರಿನಂತೆ ಒಂದೇ ದಿಕ್ಕಿಗೆ ಬಾಗಿ ಹೊಳೆಯಬೇಕಾದ ಪಿನ್ನುಗಳಲ್ಲಿ ಒಂದು ಮೂಲೆಯಷ್ಟು, ದನ ಮೇಯ್ದ ಗದ್ದೆಯಂತೆ, ಅಸ್ತವ್ಯಸ್ತವಾಗಿತ್ತು.

“ಏನಾಯ್ತು ದೊಡ್ಡಪ್ಪ?” ಎನ್ನುತ್ತ ಅವಳು ಕಾಫಿ ಹಿಡಿದು ಬಂದಳು.

“ಮದರ್‌ಬೋರ್ಡು ಹೋಯಿತು ಕಣಮ್ಮ” ಎಂದೆ.

ಹೋಯಿತು. ಕನ್ನಡದ ಈ ಮಾತಿಗೆ ಎಂಥ ಔದಾರ್ಯ! ಲೋಟ ಒಡೆಯಿತು, ಹಾಲು ಉಕ್ಕಿತು, ಬೋರ್ಡು ಹೋಯಿತು. ಮಾಡಿದವನು ಎಲ್ಲಿಯೂ ಕಾಣಿಸಿಕೊಳ್ಳಬೇಕಾಗಿಲ್ಲ. ನಾನು ಸುಳ್ಳಾಡಿದೆನೆಂದು ವ್ಯಾಕರಣ ಒಪ್ಪುವುದಿಲ್ಲ. ಅವಳಾದರೋ ಹಳೆಯ ವಸ್ತು ತಾನಾಗಿ ಕೆಟ್ಟಿತೆಂದು ನಂಬಿ, “ಪಾಪ, ನೀವೇನು ಮಾಡ್ತೀರಿ” ಎಂದು ನನ್ನನ್ನೇ ಸಮಾಧಾನಪಡಿಸಿದಳು. ಆ ಸಮಾಧಾನವನ್ನೂ ಕಾಫಿಯೊಂದಿಗೆ ಸ್ವೀಕರಿಸಿದೆ.

ಮಂಗಳವಾರ ಬೋರ್ಡನ್ನು ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ನೋಡಿದ ಕೂಡಲೇ ಕಂಡುಹಿಡಿದ. “ಪಿನ್ ಬಾಗಿದರೆ ವಾರಂಟಿ ಕೊಡಲ್ಲ ಸಾರ್. ಆದರೆ ಮೂರು ವರ್ಷ ಇನ್ನೂ ಮುಗಿದಿಲ್ಲ. ಸಾಕೆಟ್ಟಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ, ತಾನಾಗಿ ನಿಂತುಹೋಯಿತು ಅಂತ ಬರೆದು ಕಳಿಸೋಣ. ನೋಡದಿದ್ದರೆ ಹೊಸದು ಬರುತ್ತೆ” ಎಂದ. ಅವನಲ್ಲಿ ಕಪಟವಿರಲಿಲ್ಲ, ಹಿರಿಯನೊಬ್ಬನಿಗೆ ಉಪಕಾರ ಮಾಡುವ ಆಸೆಯಷ್ಟೇ. ಫಾರಂ ತುಂಬಲು ಪೆನ್ನನ್ನೂ ಕೊಟ್ಟ. ‘ತಾನಾಗಿ ನಿಂತುಹೋಯಿತು’ ಎಂದು ಬರೆಯಹೊರಟಾಗ, ಅದು ಅವನ ಮಾತಲ್ಲ, ಎರಡು ದಿನಗಳ ಹಿಂದೆ ನಾನೇ ಮನೆಯಲ್ಲಿ ಆಡಿ ಬಂದ ಮಾತೆಂದು ಹೊಳೆಯಿತು. ಫಾರಂ ಹಿಂದಿರುಗಿಸಿ ಬಂದೆ.

ಅಂದು ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಸಿಟ್ಟಾಗಲಿಲ್ಲ; ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವತ್ತೇ ಹೇಳಬಹುದಿತ್ತು ದೊಡ್ಡಪ್ಪ. ವಾರಂಟಿಯಲ್ಲಿ ಬೇಗ ಬರುತ್ತೆ ಅಂದ್ಕೊಂಡು ಪ್ರೆಸ್ಸಿನವರಿಗೆ ಶನಿವಾರ ಪುಟ ಕೊಡ್ತೀನಿ ಅಂದುಬಿಟ್ಟೆ” ಎಂದಳು. ಕೈ ಮಾಡಿದ ಹಾನಿಯ ಮೇಲೆ ಬಾಯಿ ಎರಡು ದಿನಗಳ ಹಾನಿಯನ್ನು ಸೇರಿಸಿತ್ತು. ಕಡತಗಳಿದ್ದ ಹಾರ್ಡ್‌ಡಿಸ್ಕು ಬೇರೆಯೇ ಭಾಗವಾದ್ದರಿಂದ ಅದಕ್ಕೇನೂ ಆಗಿರಲಿಲ್ಲ. ಆ ರಾತ್ರಿಯೇ ಅದನ್ನು ನನ್ನ ಯಂತ್ರಕ್ಕೆ ಜೋಡಿಸಿಕೊಟ್ಟೆ. ಶನಿವಾರದ ಪುಟಗಳು ಸೋಮವಾರ ಹೋದವು.

ಬೋರ್ಡನ್ನು ಕೊನೆಗೆ ಕೈಗಡಿಯಾರ ರಿಪೇರಿ ಮಾಡುವ ಗೆಳೆಯರೊಬ್ಬರ ಬಳಿ ಒಯ್ದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಣ್ಣ ಸೂಜಿಯಿಂದ ಒಂದೊಂದೇ ಪಿನ್ನನ್ನು ಎತ್ತಿ ನಿಲ್ಲಿಸಿದರು. ಉಸಿರು ಬಿಗಿಹಿಡಿದು ಕುಳಿತ ಒಂದೂವರೆ ಗಂಟೆ ಅದು. ಹೆಚ್ಚು ಬಾಗಿದ ಲೋಹವನ್ನು ಮತ್ತೆ ಬಾಗಿಸಿದರೆ ಮುರಿಯುವ ಭಯ. ಒಂದು ಪಿನ್ನು ಮುರಿದೇಹೋಯಿತು. ಉಳಿದವು ನಿಂತವು. ಯಂತ್ರ ಜೀವ ತಳೆಯಿತು, ಆದರೆ ಮೆಮೊರಿ ಹಾಕುವ ಎರಡು ಜಾಗಗಳಲ್ಲಿ ಒಂದು ಮಾತ್ರ ಕೆಲಸ ಮಾಡಿತು. ಇಂಥ ಪ್ರೊಸೆಸರುಗಳಲ್ಲಿ ಮೆಮೊರಿಯ ನಿಯಂತ್ರಣ ಚಿಪ್ಪಿನೊಳಗೇ ಇರುವುದರಿಂದ, ಸಾಕೆಟ್ಟಿನ ಒಂದು ಪಿನ್ನು ಕೆಟ್ಟರೂ ಹೀಗಾಗಬಹುದು. ಎರಡು ಪಟ್ಟಿಗಳ ಬದಲು ದೊಡ್ಡದೊಂದನ್ನು ನನ್ನ ಖರ್ಚಿನಲ್ಲಿ ತಂದುಹಾಕಿದೆ.

ಪೆಟ್ಟಿಗೆಯನ್ನು ಮುಚ್ಚುವ ಮುನ್ನ ಒಳಬದಿಗೆ ಒಂದು ಚೀಟಿ ಅಂಟಿಸಿದೆ: ‘ಎರಡನೆಯ ಮೆಮೊರಿ ಜಾಗ ಕೆಲಸ ಮಾಡುವುದಿಲ್ಲ. ಪ್ರೊಸೆಸರ್ ಬದಲಿಸುವಾಗ ನಾನು ಪಿನ್ನುಗಳನ್ನು ಬಾಗಿಸಿದೆ.’ ಕೆಳಗೆ ರುಜು, ದಿನಾಂಕ.

2022ರಲ್ಲಿ ಆ ಯಂತ್ರವನ್ನು ಕೊಟ್ಟು ಬೇರೊಂದನ್ನು ಕೊಳ್ಳುವಾಗ ಅಂಗಡಿಯವರು ಪೆಟ್ಟಿಗೆ ತೆರೆದು, ಚೀಟಿ ಓದಿ, ಎಂಟು ನೂರು ರೂಪಾಯಿ ಕಡಿಮೆ ಮಾಡಿದರಂತೆ. “ನಿಮ್ಮ ರುಜು ಎಂಟು ನೂರಕ್ಕೆ ಹೋಯಿತು ದೊಡ್ಡಪ್ಪ” ಎಂದು ಫೋನಿನಲ್ಲಿ ನಕ್ಕಳು. ಮರುದಿನ ಆ ಹಣವನ್ನು ಅವಳಿಗೆ ಕೊಡಹೋದೆ. ಮೊದಲು ಬೇಡವೆಂದಳು, ಆಮೇಲೆ ತೆಗೆದುಕೊಂಡಳು.